ಬಾಣಂತಿ ಕೋಣೆಗೆ ಹಚ್ಚಿಸಿದ ಹಸಿರು ಬಣ್ಣ

ಮಗಳು ಕೇಳಿದ್ದು ಗಾಳಿ, ನಾನು ಕೊಟ್ಟದ್ದು ಬಣ್ಣ. ನಡೆದದ್ದು ಇಷ್ಟೇ. ನಮ್ಮ ಮನೆಯಲ್ಲಿ ಈಗ ಇದನ್ನು ಬೇರೆ ಥರ ಹೇಳುತ್ತಾರೆ. ಪೇಂಟರು ಕೆಟ್ಟ ಮಾಲು ಹಾಕಿದ ಅನ್ನುತ್ತಾರೆ, ಆ ವರ್ಷ ಮಳೆ ಜಾಸ್ತಿ ಆಗಿತ್ತು ಅನ್ನುತ್ತಾರೆ, ಅತ್ತೆ ಅಡ್ಡ ಬಂದರು ಅನ್ನುತ್ತಾರೆ. ಎಲ್ಲ ಸುಳ್ಳು. ಮಗಳು ಬಾಯಿಬಿಟ್ಟು ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ.

ನಾನು ಓದಿದ್ದು ಎರಡನೇ ಜಮಾತು, ಅದೂ ಉರ್ದು ಶಾಲೆಯಲ್ಲಿ, ಆಗ ನಮ್ಮ ಕಡೆ ಇದ್ದದ್ದೇ ಅದು. ಕನ್ನಡ ಅಕ್ಷರ ಕಲಿತದ್ದು ಗಂಡನ ಮನೆಗೆ ಬಂದ ಮೇಲೆ, ಅಂಗಡಿಯ ಪೊಟ್ಟಣ ಬಿಚ್ಚಿದ ಕಾಗದ ಓದಿ ಓದಿ. ಹಾಗಾಗಿ ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ದೇವದುರ್ಗದಲ್ಲಿ ನಮ್ಮದು ಹಳೆಯ ಮನೆ. ಸೊಂಟದ ಮಟ ಕಲ್ಲು, ಆ ಮೇಲೆ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆ ದಾಟಿದರೆ ಅಡುಗೆಮನೆಯ ಪಕ್ಕಕ್ಕೆ ಒಂದು ಕೋಣೆ. ಯಾರೂ ಹಡೆಯದ ವರ್ಷ ಅದರಲ್ಲಿ ಕೌದಿ, ಟ್ರಂಕು, ಒಡೆದ ಕುರ್ಚಿ. ಬೀಗರು ಬಂದರೆ ಅವನ್ನೇ ಒಂದು ಮೂಲೆಗೆ ಸರಿಸಿ ಅವರಿಗೆ ಹಾಸಿಗೆ ಹಾಕುತ್ತಿದ್ದೆವು. ಆದರೂ ಅದರ ಹೆಸರು ಬಾಣಂತಿ ಕೋಣೆ. ಒಂದು ಬಾಗಿಲು, ಗೋಡೆಯಲ್ಲಿ ಎರಡು ಗೂಡು, ಬಟ್ಟೆ ಹಾಕುವ ನಾಲ್ಕು ಗೂಟ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಮಳೆ ನೀರು ಬೀಳುತ್ತದೆಂದು ನಮ್ಮ ಮಾವನವರ ಕಾಲದಲ್ಲೇ ಅದರ ಮೇಲೆ ಪರಸಿ ಕಲ್ಲು ಹೊದಿಸಿದ್ದರು. ಹಿಂದಿನ ಗೋಡೆ ಓಣಿಗೆ ತಾಗಿತ್ತು, ಅದಕ್ಕೆ ಕಿಟಕಿ ಇರಲಿಲ್ಲ. ಹಗಲು ಹೊತ್ತಿನಲ್ಲೂ ಕಂದೀಲು ಬೇಕು.

ಬಾಣಂತಿಯನ್ನು ಆ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿ, ಕಿವಿಗೆ ಅರಳೆ ಇಟ್ಟು, ತಲೆಗೆ ಅರಿವೆ ಕಟ್ಟಿ, ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡ ಇಡುತ್ತಿದ್ದೆವು. ಕೆಂಡದ ಮೇಲೆ ಅಜವಾನ, ಲೋಬಾನ. ಬಾಗಿಲು ಮುಚ್ಚಬೇಕು, ಹೊಗೆ ಹೊರಗೆ ಹೋಗಬಾರದು. ಮೈ ಗಟ್ಟಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ನನಗೆ ತಾಯಿ ಇರಲಿಲ್ಲ, ನನ್ನ ಐದು ಬಾಣಂತನ ಅದೇ ಹೊರಸಿನ ಮೇಲೆ ಆಗಿವೆ.

ದೊಡ್ಡ ಮಗಳ ಮೊದಲ ಬಾಣಂತನವೂ ಅಲ್ಲೇ ಆಯಿತು. ಎರಡನೇ ತಿಂಗಳಿಗೆ ಕೂಸಿಗೆ ಕೆಮ್ಮು ಹತ್ತಿತು. ಕಷಾಯ ಹಾಕಿದೆವು, ಎದೆಗೆ ಎಣ್ಣೆ ತಿಕ್ಕಿದೆವು, ಇನ್ನೊಂದಿಷ್ಟು ಕೆಂಡ ಇಟ್ಟೆವು. ಕಡೆಗೆ ಅಳಿಯ ಬಂದು ತಾಯಿ ಕೂಸನ್ನು ರಾಯಚೂರಿಗೆ ಕರೆದುಕೊಂಡು ಹೋದ. ಒಂದು ವಾರ ದವಾಖಾನೆಯಲ್ಲಿ ಇಟ್ಟರು. ಕೂಸು ಉಳಿಯಿತು. ಹೊಗೆಯಿಂದ ಹೀಗಾಗಿದೆ ಎಂದು ಡಾಕ್ಟರು ಹೇಳಿದ್ದನ್ನು ಮಗಳು ನನಗೆ ಹೇಳಿದಾಗ, ಡಾಕ್ಟರಿಗೆ ಏನು ಗೊತ್ತು, ಅವರು ಹಡೆದಿದ್ದಾರೇನು ಎಂದೆ.

ಅದಾಗಿ ಮೂರು ವರ್ಷಕ್ಕೆ ಮಗಳು ಮತ್ತೆ ಬಸುರಿಯಾದಳು. ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ಅಳಿಯನಿಗೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ. ಅವನ ತಂದೆತಾಯಿ ಇರುವುದು ಮಾನ್ವಿಯಲ್ಲಿ. ಯುಗಾದಿ ಮುಗಿದ ಮೇಲೆ ಮಗಳನ್ನು ನೋಡಲು ರಾಯಚೂರಿಗೆ ಹೋದೆ. ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು.

"ಹಡಿಯೂದು ಇಲ್ಲೇ ದವಾಖಾನ್ಯಾಗ. ಬಾಣಂತನ ಮಾನ್ವ್ಯಾಗ ಮಾಡಸ್ಕೋತೀನಿ ಯವ್ವಾ. ನಮ್ಮತ್ತಿ ಹೂಂ ಅಂದಾರ."

"ಯಾಕ, ನಾ ಸತ್ತೀನೇನು?"

"ನೀ ಇದ್ದೀ. ಆ ಕೋಣಿನೂ ಅದ. ಅದರಾಗ ನನಗ ಉಸರು ಕಟ್ಟತದ."

"ಹಳೀ ಕೋಣಿ, ಕರ್ರಗಾಗ್ಯದ. ಹೊಸಾದು ಮಾಡಸ್ತೀನಿ ತಗೋ."

"ನಾ ಏನಂದೆ, ನೀ ಏನಂತೀ," ಎಂದು ಅವಳು ಮೊರದ ಅಕ್ಕಿಯನ್ನು ಒಮ್ಮೆ ಕೇರಿದಳು.

ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ತಾಯಿ ಬದುಕಿದ್ದಾಗ ಮಗಳು ಅತ್ತೆಯ ಮನೆಯಲ್ಲಿ ಬಾಣಂತನ ಮಾಡಿಸಿಕೊಂಡರೆ ಓಣಿಯವರ ಮುಂದೆ ನಾನು ಮುಖ ತೋರಿಸುವುದು ಹೇಗೆ. ಮಗಳ ಮೇಲಿನ ಪ್ರೀತಿಗೆ ಕೋಣೆ ಹೊಸದು ಮಾಡಿದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಮಾನ್ವಿಯ ಬೀಗತಿಯ ಮುಂದೆ ನಾನು ಸೋಲಬಾರದಿತ್ತು.

ಮರುದಿನದಿಂದಲೇ ಕೆಲಸಕ್ಕೆ ಹತ್ತಿದೆ. ಟ್ರಂಕು, ಕೌದಿ ಹೊರಗೆ ಹಾಕಿದೆ. ಒಡೆದ ಕುರ್ಚಿ ಒಲೆಗೆ ಹೋಯಿತು. ಉದ್ದ ಬಿದಿರಿಗೆ ಕಸಬರಿಗೆ ಕಟ್ಟಿ ಜಂತಿಗೆ ಹಿಡಿದಿದ್ದ ಮಸಿ ಬಡಿದೆ. ಅಷ್ಟು ವರ್ಷದ ಹೊಗೆ ನನ್ನ ತಲೆಯ ಮೇಲೆ ಸುರಿಯಿತು, ಎರಡು ಸಲ ಸೀಗೆಕಾಯಿ ಹಾಕಿದರೂ ಕೂದಲಿಂದ ಕಪ್ಪು ನೀರು ಇಳಿಯುತ್ತಿತ್ತು. ಮಣ್ಣಿನ ನೆಲ ಅಗೆಸಿ ಪರಸಿ ಹಾಕಿಸಿದೆ. ಹೊರಸು ತೆಗೆದು ಪಟ್ಟಿ ಮಂಚ ತರಿಸಿದೆ. ನಮ್ಮವರು ನಮ್ಮ ಬಟ್ಟೆ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿ ಕೈಕಾಲು ತೊಳೆಯಲು ಹೋಗುತ್ತಿದ್ದರು. ಅವರ ಸ್ವಭಾವವೇ ಹಾಗೆ.

ಗೋಡೆಗೆ ಸುಣ್ಣ ಬೇಡ ಎಂದು ನಾನೇ ಹಟ ಹಿಡಿದೆ. ರಾಯಚೂರಿನ ದವಾಖಾನೆಯಲ್ಲಿ ಎದೆಮಟ್ಟದವರೆಗೆ ಹಸಿರು ಆಯಿಲ್ ಪೇಂಟು ನೋಡಿದ್ದೆ. ಕೈಯಾಡಿಸಿದರೆ ನುಣ್ಣಗೆ, ಒದ್ದೆ ಅರಿವೆಯಿಂದ ಒರೆಸಿದರೆ ಫಳಫಳ. ಅದೇ ಬೇಕೆಂದೆ. ಪೇಂಟರು ಬಂದರು, ನಮ್ಮ ಅಂಗಡಿಯ ಬೋರ್ಡು ಬರೆದ ಸಾಬರು, ವಯಸ್ಸಾದವರು. ಉಗುರಿನಿಂದ ಗೋಡೆ ಕೆರೆದು ನೋಡಿದರು.

"ಅಮ್ಮಾರ, ಇದು ಮಣ್ಣಿನ ಗ್ವಾಡಿ. ಮ್ಯಾಲ ಸುಣ್ಣದ ಮ್ಯಾಲ ಸುಣ್ಣ ಕುಂತದ. ಆಯಿಲ್ ಪೇಂಟು ಹಿಡಿಯಂಗಿಲ್ರಿ."

"ದವಾಖಾನ್ಯಾಗ ಹಿಡದದಲ್ಲ?"

"ಅದು ಸಿಮೆಂಟ್ ರೀ. ಮಣ್ಣಿನ ಗ್ವಾಡಿ ಮನಷ್ಯಾ ಇದ್ದಂಗ, ಬೆವರತದ. ಮ್ಯಾಲ ಪೇಂಟು ಬಳದ್ರ ಬೆವರು ಎಲ್ಲಿ ಹೋಗಬೇಕು?"

"ನೀವು ಬಳೀರಿ ಸಾಬ್ರ. ಬೆವರು ನಾ ಒರಸ್ತೀನಿ."

ಸಾಬರು ನಕ್ಕರು. ಆ ಮೇಲೆ ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು. "ನನ್ನ ಮಾತ ಕೇಳಿದ್ರ ಇಲ್ಲೊಂದು ಕಿಡಕಿ ಇಡ್ರಿ. ಸುಣ್ಣನೂ ಸಾಕಾಗ್ತದ, ಪೇಂಟಿನ ಖರ್ಚು ಉಳೀತದ. ನನ್ನ ಕೂಲಿ ಹೋಗ್ತದ, ಹೋಗ್ಲಿ."

ನಮ್ಮ ಅತ್ತೆಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಪಡಸಾಲೆಯಲ್ಲಿ ಕೂತಲ್ಲಿಂದಲೇ ಹೇಳಿದರು.

"ಓಣಿಗೆ ಕಿಡಕಿ ಇಟ್ಟು ಬಾಣಂತೀನ ಸಂತ್ಯಾಗ ಕುಂದ್ರಸ್ತೀರೇನು? ಹೋಗೋರ ಬರೋರ ಕಣ್ಣು, ಮ್ಯಾಲ ತಂಡಿ ಗಾಳಿ. ನಾ ಇರೂಮಟ ಆ ಗ್ವಾಡಿ ಮುಟ್ಟಬ್ಯಾಡ್ರಿ."

ನಾನು ಸಾಬರ ಕಡೆ ತಿರುಗಿ, ಕೇಳಿದಿರಲ್ಲ, ಬಣ್ಣ ಹಚ್ಚಿರಿ ಎಂದೆ. ಅತ್ತೆ ಬೇಡ ಅಂದದ್ದು ನನಗೆ ಅನುಕೂಲವೇ ಆಯಿತು. ಆ ಕೋಣೆ ಉಸಿರು ಕಟ್ಟುವಂಥದ್ದು ಎಂದು ನಾನೇ ಒಪ್ಪಿ ಕಿಟಕಿ ಇಡಿಸಿದ್ದರೆ, ಐದು ಸಲ ನಾನು ಅದರೊಳಗೆ ಮಲಗಿದ್ದು ಸುಮ್ಮನೆ ಎಂದಾಗುತ್ತಿತ್ತು. ಕೂಸಿನ ಕೆಮ್ಮೂ ನನ್ನ ತಲೆಗೆ ಬರುತ್ತಿತ್ತು. ಅದಕ್ಕಿಂತ ಬಣ್ಣ ಹಗುರ.

ಹದಿನೈದು ದಿನ ಕೋಣೆ ಚೆನ್ನಾಗಿ ಕಂಡಿತು. ಓಣಿಯ ಹೆಂಗಸರು ಬಂದು ಗೋಡೆ ಸವರಿ ಹೋದರು. ಆಮೇಲೆ ಮಳೆ ಹಿಡಿಯಿತು. ಮೊದಲು ಮೂಲೆಯಲ್ಲಿ ಒಂದು ಗುಳ್ಳೆ ಎದ್ದಿತು, ಒತ್ತಿದರೆ ಒಳಗೆ ನೀರು. ಎಂಟು ದಿನದಲ್ಲಿ ಗೋಡೆಯ ತುಂಬ ಗುಳ್ಳೆ. ಒಡೆದ ಕಡೆ ಬಣ್ಣ ಸುರುಳಿ ಸುತ್ತಿ ನೇತಾಡಿತು, ಹಿಂದೆ ಸುಣ್ಣ, ಮಣ್ಣು ಕಾಣತೊಡಗಿತು. ವಾಸನೆಯಂತೂ ಹೋಗಲೇ ಇಲ್ಲ. ನಾನು ಸೋಲಲಿಲ್ಲ. ಅಂಗಡಿಯಿಂದ ದೇವರ ಕ್ಯಾಲೆಂಡರು ತಂದು ದೊಡ್ಡ ಗುಳ್ಳೆಗಳ ಮೇಲೆ ತೂಗುಹಾಕಿದೆ. ಒಂದೇ ಗೋಡೆಗೆ ನಾಲ್ಕು ಲಕ್ಷ್ಮಿ. ಅಂಗಡಿಯಲ್ಲಿ ಉಳಿದಿದ್ದ ಹೂವಿನ ಅಚ್ಚಿನ ಚೀಟಿ ಅರಿವೆ ತಂದು ಮಂಚದ ತಲೆಯ ಕಡೆ ಗೋಡೆಗೆ ಮೊಳೆ ಹೊಡೆದೆ.

ನಾಗರ ಪಂಚಮಿಗೆ ಮಗಳು, ಅಳಿಯ, ಮೂರು ವರ್ಷದ ಮೊಮ್ಮಗಳು ಬಂದರು. ಮಗಳಿಗೆ ಆಗ ಏಳು ತಿಂಗಳು ತುಂಬುತ್ತಿತ್ತು. ಉಂಡಿ ಕೊಟ್ಟು, ನೀರು ಕೊಟ್ಟು, ಕೋಣೆ ತೋರಿಸಿದೆ. ಅಳಿಯ ಹೊಸ್ತಿಲಲ್ಲೇ ನಿಂತ.

"ಅತ್ತಿಯವ್ರ, ಥೇಟ್ ದವಾಖಾನಿ ಆಗ್ಯದ್ರಿ. ಸೂಜಿ ಚುಚ್ಚೋರು ಎಲ್ಲಿ ಹೋಗ್ಯಾರ?"

ಮಗಳು ನಗಲಿಲ್ಲ. ಒಂದು ಕ್ಯಾಲೆಂಡರು ಎತ್ತಿ ಹಿಂದೆ ನೋಡಿ ಮತ್ತೆ ಇಳಿಬಿಟ್ಟಳು. ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಳು. ಮೊಮ್ಮಗಳು ಒಳಗೆ ಬಂದು ಎರಡು ಸಲ ಕೆಮ್ಮಿದಳು, ತಂದೆಯ ಹತ್ತಿರ ಓಡಿದಳು. ಮಗಳು ಎದ್ದು ನನ್ನ ರಟ್ಟೆ ಹಿಡಿದಳು.

"ಬಾ, ಇಲ್ಲಿ ಮಲಗು."

"ನಾ ಯಾಕ ಮಲಗಲಿ? ಹಬ್ಬದ ಕೆಲಸ ಬಿದ್ದದ."

"ಮಲಗು ಯವ್ವಾ. ಒಂದು ಎಲಿ ಅಡಿಕಿ ಹಾಕ್ಕೊಳ್ಳೂಷ್ಟು ಹೊತ್ತು."

ನನ್ನನ್ನು ಮಲಗಿಸಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಿಲಕ ಹಾಕಿದ ಸಪ್ಪಳ ಕೇಳಿತು.

ಕಂದೀಲು ಇರಲಿಲ್ಲ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಪೇಂಟಿನ ವಾಸನೆ ಗಂಟಲಿಗೆ ಬಂತು. ಕೆಂಡ ಇಲ್ಲ, ಹೊಗೆ ಇಲ್ಲ, ಆದರೂ ಎದೆಯ ಮೇಲೆ ಯಾರೋ ಕಲ್ಲು ಇಟ್ಟ ಹಾಗಾಯಿತು. ರವಿಕೆ ಬೆನ್ನಿಗೆ ಅಂಟಿತು. ಹಿಂದೆ ಇಲ್ಲಿ ಮಲಗಿದ್ದಾಗಲೂ ಹೀಗೇ ಆಗುತ್ತಿತ್ತು. ಆಗ ಬಾಗಿಲು ತೆಗೆಯಿರಿ ಎಂದು ಕೇಳಿದ್ದೆ, ಮೊದಲನೇ ಬಾಣಂತನದಲ್ಲಿ. ಯಾರೂ ತೆಗೆಯಲಿಲ್ಲ. ಎರಡನೆಯದರಿಂದ ಕೇಳುವುದು ಬಿಟ್ಟೆ. ಮಗಳು ಮೊದಲ ಸಲ ಇಲ್ಲಿ ಮಲಗಿ ಕೇಳಿದಾಗ ತೆಗೆಯದೆ ಹೋದವಳು ನಾನು.

ಎದ್ದು ಬಾಗಿಲು ಬಡಿದೆ. ಮಗಳು ತೆಗೆದಳು.

"ಹ್ಯಾಂಗದ?"

"ಛಲೋನೇ ಅದ," ಎಂದೆ. ಸುಳ್ಳು. ಮುಖದಿಂದ ಬೆವರು ಇಳಿಯುತ್ತಿತ್ತು, ಅವಳು ನೋಡುತ್ತಿದ್ದಳು.

ಊಟ ಮುಗಿಸಿ ನಾಲ್ಕರ ಬಸ್ಸಿಗೆ ಹೊರಟರು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಅಳಿಯ ಕೂಸನ್ನು ಎತ್ತಿಕೊಂಡು ಸೀಟು ಹಿಡಿಯಲು ಹತ್ತಿದ. ಮಗಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಯವ್ವಾ, ಮಾನ್ವಿಗೆ ಹೋಗಬೇಕಂತ ನನಗೇನು ಆಸಿ ಇಲ್ಲ. ಅಲ್ಲಿ ನೀರು ಕೇಳಬೇಕಂದ್ರೂ ಎರಡು ಸಲ ವಿಚಾರ ಮಾಡ್ತೀನಿ. ಕಿಡಕಿ ಇಡಸು, ಕೆಂಡ ಇಡಬ್ಯಾಡ. ಬರ್ತೀನಿ. ಇಲ್ಲಂದ್ರ ಇಲ್ಲ."

"ನಿಮ್ಮಮ್ಮ ಒಪ್ಪಬೇಕಲ್ಲ," ಎಂದೆ. ನಮ್ಮ ಅತ್ತೆಯನ್ನು ಮಕ್ಕಳು ಅಮ್ಮ ಎಂದು ಕರೆಯುತ್ತಿದ್ದರು.

"ಅಮ್ಮನ್ನ ನಾ ಕೇಳಾಕತ್ತಿಲ್ಲ. ನಿನ್ನ ಕೇಳಾಕತ್ತೀನಿ."

ಬಸ್ಸು ಹೋಯಿತು.

ಮರುದಿನ ಬೆಳಿಗ್ಗೆ ಎದ್ದು ನೀರು ಕಾಯಿಸಿ, ಅತ್ತೆಗೆ ಚಹ ಕೊಟ್ಟು, ಸೆರಗು ಸೊಂಟಕ್ಕೆ ಕಟ್ಟಿದೆ. ಹಿತ್ತಲಿನಿಂದ ಹಾರೆ ತಂದೆ. ಕೋಣೆಯ ಹಿಂದಿನ ಗೋಡೆಯ ಮೇಲಿದ್ದ ಕ್ಯಾಲೆಂಡರುಗಳನ್ನೆಲ್ಲ ತೆಗೆದು ಮಂಚದ ಮೇಲೆ ಇಟ್ಟೆ. ಎದೆಯ ಮಟ್ಟಕ್ಕೆ ಮೊದಲನೇ ಪೆಟ್ಟು ಹಾಕಿದೆ. ಹಸಿರು ಬಣ್ಣ ರೊಟ್ಟಿಯಷ್ಟು ಅಗಲಕ್ಕೆ ಕಿತ್ತು ಬಿತ್ತು. ಎರಡನೆಯದಕ್ಕೆ ಮಣ್ಣು ಉದುರಿತು.

ಸಪ್ಪಳ ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಏನು ಮಾಡಾಕತ್ತೀ?"

"ಕಿಡಕಿ ಇಡಾಕತ್ತೀನಿ ಅತ್ತಿ."

"ಒಂಬತ್ತು ಹಡದೀನಿ ನಾ ಇದರಾಗ."

"ನಾಕು ಉಳದಾವ," ಎಂದೆ.

ಆ ಮಾತು ಆಡಬಾರದಿತ್ತು. ಆಡಿಬಿಟ್ಟೆ, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾರೆ ಕೈಯಲ್ಲೇ ಹಿಡಿದು ನಿಂತೆ. ಅತ್ತೆ ಹೊಸ್ತಿಲ ಮೇಲೆ ಕೂತರು. ಸೆರಗಿನಿಂದ ಮೂಗು ಒರೆಸಿಕೊಂಡರು. ಅಳುತ್ತಿದ್ದರೋ, ಧೂಳಿಗೋ, ನಾನು ಹತ್ತಿರ ಹೋಗಿ ನೋಡಲಿಲ್ಲ. ಆಮೇಲೆ ಅವರೇ ತಲೆ ಮೇಲೆತ್ತಿ, ಕಾಣದ ಕಣ್ಣಿನಿಂದಲೇ ಮಾಳಿಗೆಯ ಕಡೆ ಕೈ ಮಾಡಿದರು.

"ನೀ ನಿಂತಲ್ಲಿ ಮ್ಯಾಲ ತೊಲಿ ಅದ. ಅದರ ಭಾರ ಎಲ್ಲಾ ಆ ಗ್ವಾಡಿ ಮ್ಯಾಲೇ ಅದ. ಎರಡು ಗೇಣು ಈ ಕಡೆ ಸರದು ಹೊಡಿ."

ಸರಿದು ಹೊಡೆದೆ. ಗೋಡೆ ಎರಡು ಮೊಳ ದಪ್ಪ. ಬಿಸಿಲು ಏರುವ ಹೊತ್ತಿಗೆ ಅಂಗೈಯಲ್ಲಿ ಬೊಕ್ಕೆ ಎದ್ದವು. ನಮ್ಮವರು ಅಂಗಡಿಗೆ ಹೊರಟವರು ನೋಡಿ ಅಂಗಿ ತೆಗೆದು ಗೂಟಕ್ಕೆ ಹಾಕಿ, ಇನ್ನೊಂದು ಹಾರೆ ಹಿಡಿದು ಓಣಿಯ ಕಡೆಯಿಂದ ಅಗೆಯಲು ಹೋದರು. ಇಬ್ಬರ ಹಾರೆ ನಡುವೆ ಕೂಡಿದಾಗ ಒಂದು ತೂತು ಬಿತ್ತು, ಅದರಿಂದ ಅವರ ಮೂಗು ಕಂಡಿತು. ತೂತು ದೊಡ್ಡದು ಮಾಡಿದೆವು. ಅದು ನನ್ನ ಭುಜದಗಲ ಆದಾಗ ಒಂದು ದಾರ ತೆಗೆದುಕೊಂಡು ಅಗಲ, ಎತ್ತರ ಅಳೆದು ಗಂಟು ಹಾಕಿದೆ. ತಲೆಯ ಮೇಲಿನ ಮಣ್ಣನ್ನು ಕೊಡವಿಕೊಂಡು, ಆ ದಾರ ಹಿಡಿದು ಬಡಿಗೇರ ಮನೆಗೆ ಹೋಗಿ ಚೌಕಟ್ಟು ಮಾಡಲು ಹೇಳಿದೆ.