ಮೂರನೆಯ ಬಿದಿರು

ಪಕ್ಕದ ಮನೆಯ ಅಜ್ಜಿ ಸತ್ತಿರಲಿಲ್ಲ. ನಾವು ಅವಳಿಗೆ ಕೇಡು ಬಯಸಿರಲೂ ಇಲ್ಲ. ನಡೆದದ್ದು ಇಷ್ಟೇ: ಮಿಲ್ಲಿನವರು ನಮ್ಮ ಕೋಲು ಇಡಲು ಜಾಗ ಕೊಡಲಿಲ್ಲ, ನನ್ನ ಗಂಡ ಮೂರು ಕೋಲಿನಲ್ಲಿ ಒಂದನ್ನು ಕೇಳದೆ ಬಾಳೆತೋಟಕ್ಕೆ ಎತ್ತಿಕೊಂಡು ಹೋದ. ಮಿಕ್ಕಿದ್ದೆಲ್ಲ ಜನ ಸೇರಿಸಿದ್ದು. ಇವತ್ತಿಗೂ ನಮ್ಮ ಬೀದಿಯಲ್ಲಿ ಈ ಕಥೆಯನ್ನು ಬೇರೆ ಥರ ಹೇಳುತ್ತಾರೆ. ಹೇಳಲಿ. ಕೋಲು ಹೊತ್ತವಳು ನಾನು.

ವೈಗೈ ಅಣೆ ಕಟ್ಟಿ ಮುಗಿದು ಐದಾರು ವರ್ಷವಾಗಿದ್ದ ಕಾಲ. ತಮಿಳು ಸೀಮೆಯ ತೇನಿಗೆ ಒಂದು ಮೈಲಿ ದೂರದಲ್ಲಿ ನಮ್ಮ ಬೀದಿ, ಎಲ್ಲ ಕನ್ನಡ ಮಾತಾಡುವ ಮನೆಗಳೇ. ತೇನಿಯ ಅಂಚಿನಲ್ಲಿ ಒಂದು ನೂಲಿನ ಮಿಲ್ಲು. ಅಲ್ಲಿ ನನಗೂ ನನ್ನ ಅಕ್ಕನಿಗೂ ಕಿಟಕಿ ಒರೆಸುವ ಕೆಲಸ. ಮನೆಯ ಕಿಟಕಿಯ ಹಾಗೆ ಕೈಚಾಚಿ ಒರೆಸುವಂಥದ್ದಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರಂತೆ ಮೂರು ಆಳು ನಿಂತರೂ ಎಟುಕದ ಗೋಡೆ, ಅದರ ತುದಿಯಲ್ಲಿ, ಸೂರಿನ ಕೆಳಗೆ ಸಾಲಾಗಿ ಗಾಜು. ಒಳಗೆ ಹಾರುವ ಹತ್ತಿಯ ದೂಳು ಮಿಶಿನ್ನಿನ ಎಣ್ಣೆಯ ಜೊತೆ ಸೇರಿ ಆ ಗಾಜಿಗೆ ಮೆತ್ತಿಕೊಳ್ಳುತ್ತಿತ್ತು. ವಾರ ಬಿಟ್ಟರೆ ಸಾಕು, ಒಳಗೆ ಮೋಡ ಕವಿದ ಹಾಗೆ ಆಗುತ್ತಿತ್ತು. ಎಳೆ ಕಡಿದದ್ದು ಕಾಣುವುದಿಲ್ಲ ಅಂತ ಕೂಗಾಟ.

ಇದಕ್ಕೆ ಇಪ್ಪತ್ತಡಿಯ ಎರಡು ಬಿದಿರು ಬೇಕು. ಒಂದರ ತುದಿಗೆ ತೆಂಗಿನಕಡ್ಡಿ ಪೊರಕೆ, ಇನ್ನೊಂದರ ತುದಿಗೆ ಹಳೇ ಪಂಚೆಯ ಬಟ್ಟೆ ಸುತ್ತಿದ ಉಂಡೆ. ಮೊದಲು ಒಣ ಕೋಲು, ಆಮೇಲೆ ಒದ್ದೆ ಕೋಲು. ತಿರುಗುಮುರುಗಾಗಿ ಮಾಡಿದರೆ ಹತ್ತಿ ಗಂಜಿಯಾಗಿ ಅಂಟುತ್ತದೆ. ಬಕೆಟ್ಟು, ಬಟ್ಟೆ ಮಿಲ್ಲಿನವು. ಬಿದಿರು ನಮ್ಮದು. ಘಟ್ಟದಿಂದ ಇಳಿದ ಬಿದಿರನ್ನು ಕುಮುಳಿ ದಾರಿಯ ಗೂಡಲೂರಿನಲ್ಲಿ ಆರಿಸಿ ತಂದು, ಬೆಂಕಿಗೆ ಹಿಡಿದು ನೇರ ಮಾಡಿ, ಎಣ್ಣೆ ಹಚ್ಚಿದ್ದೆವು. ಮಗುವಿಗೆ ಹಚ್ಚುವುದಕ್ಕಿಂತ ಹೆಚ್ಚು ಎಣ್ಣೆ ಅದಕ್ಕೆ ಹೋಗಿದೆ.

ಒರೆಸುವುದು ಕಷ್ಟವಾಗಿರಲಿಲ್ಲ. ಕೋಲನ್ನು ಇಡುವುದು ಕಷ್ಟ. ಒಳಗೆ ಗೋಡೆಗೆ ಒರಗಿಸಿದೆವು. ಜಾರಿ ಬಿದ್ದು ಒಬ್ಬನ ಕಾಲ ಪಕ್ಕದಲ್ಲಿ ಸದ್ದು ಮಾಡಿತು, ಆವತ್ತಿಗೆ ಒರಗಿಸುವುದು ನಿಂತಿತು. ನೆಲದ ಮೇಲೆ ಗೋಡೆಯುದ್ದಕ್ಕೂ ಮಲಗಿಸಿದೆವು. ನೂಲಿನ ಗಾಡಿ ಹತ್ತಿ ಸೀಳು ಬಿಟ್ಟಿತು. ಹೊರಗೆ ಇಟ್ಟೆವು. ಯಾರೋ ಎತ್ತಿಕೊಂಡು ಹೋಗಿ ಹುಣಸೇಕಾಯಿ ಬಡಿದರು. ಗೋಡೌನಿನಲ್ಲಿ ಇಟ್ಟುಕೊಳ್ಳುತ್ತೇವೆ ಅಂದೆ. ಮೇಸ್ತ್ರಿಗೆ ಬರುತ್ತಿದ್ದದ್ದು ಒಂದೇ ಮಾತು.

"ಎಡಂ ಇಲ್ಲಮ್ಮಾ."

ಜಾಗ ಇಲ್ಲವಂತೆ. ಎಂಟು ಎಕರೆ ಮಿಲ್ಲು. ಕೈಮಣಿಕಟ್ಟಿನಷ್ಟು ದಪ್ಪದ ಎರಡು ಕೋಲಿಗೆ ಜಾಗವಿಲ್ಲ. ಒಂದು ವರ್ಷ ಕೇಳಿದೆ. ಒಂದು ವರ್ಷವೂ ಎಡಂ ಇಲ್ಲಮ್ಮಾ.

ಹಾಗಾಗಿ ದಿನಾ ಸಂಜೆ ಕೋಲು ಹೊತ್ತು ಮನೆಗೆ, ಬೆಳಗ್ಗೆ ಹೊತ್ತು ಮಿಲ್ಲಿಗೆ. ಮುಂದೆ ನಾನು, ಹಿಂದೆ ಅಕ್ಕ, ನಡುವೆ ಎರಡೂ ಕೋಲು ತೆಂಗಿನ ಹುರಿಯಲ್ಲಿ ಕಟ್ಟಿಕೊಂಡು. ಮೂಲೆ ತಿರುಗುವುದು ಒಂದು ದೊಡ್ಡ ಕಸರತ್ತು. ನಾನು ನಮ್ಮ ಬೀದಿಗೆ ಬಂದು ನಿಂತಿರುತ್ತಿದ್ದೆ, ಅಕ್ಕ ಇನ್ನೂ ಹಿಂದಿನ ಬೀದಿಯಲ್ಲಿ ಇರುತ್ತಿದ್ದಳು. "ತಿರುಗ್ಲಾ?" ಅಂತ ಅವಳು ಅಲ್ಲಿಂದ ಕೂಗಬೇಕು, "ಒಸಿ ಇರು, ಎಮ್ಮೆ ಐತೆ" ಅಂತ ನಾನು ಇಲ್ಲಿಂದ ಕೂಗಬೇಕು. ಒದ್ದೆ ಬಟ್ಟೆಯ ತುದಿ ಅವಳ ಕಡೆ. ದಾರಿಯುದ್ದಕ್ಕೂ ಅವಳ ಕುತ್ತಿಗೆಗೆ ಎಣ್ಣೆನೀರು ತೊಟ್ಟಿಕ್ಕುತ್ತಿತ್ತು. ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಅವಳ ಈ ಗುಣ ನನಗೆ ಸೇರುತ್ತಿರಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಅಕ್ಕನ ಗಂಡನದು ನಿಲಕ್ಕೋಟ್ಟೈ, ಮಲ್ಲಿಗೆ ತೋಟ. ಮಕ್ಕಳಾಗಲಿಲ್ಲ ಅಂತ ಎರಡನೆಯವಳನ್ನು ಕಟ್ಟಿಕೊಂಡ. ಆ ಮನೆಯಲ್ಲಿ ಅಕ್ಕನಿಗೆ ಉಳಿದದ್ದು ಬೆಳಗ್ಗೆ ಹೂ ಬಿಡಿಸುವುದು, ಆಮೇಲೆ ಸವತಿಯ ಪಾತ್ರೆ ತೊಳೆಯುವುದು. ಬಿಟ್ಟು ಬಂದಳು. ನಮ್ಮ ಬೀದಿಯ ಕೊನೆಯಲ್ಲಿ ಒಂದೇ ಕೋಣೆ, ಒಂದು ಒಲೆ, ಒಂದು ಗಡಿಗೆ, ಎಲ್ಲ ಅವಳದೇ. ಈ ಕೋಲಿನ ಕೆಲಸ ಹೋದರೆ ಆ ಒಲೆ ಆರುತ್ತದೆ, ಅವಳು ವಾಪಸ್ಸು ಹೂ ಬಿಡಿಸಲು ಹೋಗಬೇಕು. ಅದು ನನಗೂ ಗೊತ್ತಿತ್ತು, ಇಡೀ ಬೀದಿಗೂ ಗೊತ್ತಿತ್ತು.

ಕೋಲು ಹೊರಲು ಶುರು ಮಾಡಿದ ಮೊದಲ ವಾರವೇ ಪಕ್ಕದ ಮನೆಯ ದೊಡ್ಡಪ್ಪ ಜಗಲಿಯಿಂದ ಎದ್ದು ನಿಂತ. ನಮ್ಮ ಬೀದಿಗೆ ಅವನೇ ಹಿರಿಯ, ಅವನ ಮಾತೇ ಮಾತು.

"ಏನವ್ವಾ, ಹೆಂಗಸರು ಎರಡು ಬಿದಿರು ಜೋಡಿ ಹೊತ್ಕಂಡು ಬತ್ತಿದ್ದೀರಲ್ಲ, ಯಾರ ಮನೆಗೆ?"

"ನಮ್ಮ ಮನೆಗೇ ದೊಡ್ಡಪ್ಪಾ."

"ಅದೇ ಕೇಳ್ತಿರೋದು. ಯಾರು ಹೋದ್ರು?"

ನಮ್ಮಲ್ಲಿ ಎರಡು ಬಿದಿರನ್ನು ಜೋಡಿಯಾಗಿ ಬೀದಿಯಲ್ಲಿ ತರುವುದು ಚಟ್ಟ ಕಟ್ಟಲು ಮಾತ್ರ. ತೆಂಗಿನ ಹುರಿ ಇತ್ತು, ಬಿಳೀ ಬಟ್ಟೆಯೂ ಇತ್ತು. ಹೆಣವೊಂದೇ ಕಡಿಮೆ. ಇದು ಕಿಟಕಿ ಒರೆಸುವ ಕೋಲು ಅಂದೆ. ನಿನಗೆ ಗೊತ್ತು, ನನಗೆ ಗೊತ್ತು, ನೋಡಿದವರಿಗೆ ಗೊತ್ತಾ ಅಂದ. ನೋಡಿದವರ ಕಣ್ಣಿಗೆ ನಾನೇನು ಮಾಡಲಿ ಅಂದೆ. ಎರಡು ದಿನ ಯೋಚಿಸಿ ಅವನೇ ದಾರಿ ಹೇಳಿದ.

"ಮೂರು ಹೊರಿ. ಮೂರು ಬಿದಿರಿಗೆ ಯಾವ ಸಾವೂ ಇಲ್ಲ."

ನನಗೆ ತಲೆ ಬಡಿದುಕೊಳ್ಳಬೇಕು ಅನ್ನಿಸಿತು. ಆದರೆ ಅಕ್ಕ ಆಗಲೇ "ಸರಿ ದೊಡ್ಡಪ್ಪಾ" ಅಂದಾಗಿತ್ತು. ಮತ್ತೆ ಗೂಡಲೂರಿಗೆ ಹೋಗಿ ಇನ್ನೊಂದು ಬಿದಿರು ತಂದೆವು. ಆ ಮೂರನೆಯದರಿಂದ ಒಂದು ಗಾಜನ್ನೂ ಒರೆಸಿಲ್ಲ. ಬೆಳಗ್ಗೆ ಮಿಲ್ಲಿಗೆ ಹೋಗುತ್ತಿತ್ತು, ಸಂಜೆ ಬರುತ್ತಿತ್ತು, ಸಂಬಳವಿಲ್ಲದ ಆಳಿನ ಹಾಗೆ. ಅಕ್ಕನ ಹೆಗಲು ಬಾತುಕೊಂಡಿತು.

ಮನೆಯಲ್ಲಿ ಇಡುವುದೂ ಇಷ್ಟೇ ರಗಳೆ. ನಮ್ಮ ಮನೆ ಹದಿನಾಲ್ಕು ಅಡಿ, ಕೋಲು ಇಪ್ಪತ್ತಡಿ. ಹಾಗಾಗಿ ಸೂರಿನಡಿ ಹಗ್ಗದ ಕುಣಿಕೆ ಕಟ್ಟಿ, ತಲೆ ನಮ್ಮ ಸೂರಿಗೆ, ಬಾಲ ದೊಡ್ಡಪ್ಪನ ಸೂರಿಗೆ ತೂಗುಹಾಕಿದ್ದೆವು. ಅದಕ್ಕೂ ಅವನು ಒಪ್ಪಿದ್ದು ಮೂರು ಇದ್ದದ್ದಕ್ಕೆ.

ಆಡಿ ತಿಂಗಳು, ಅಂದರೆ ಆಷಾಢ, ಬಂತು. ಕುಮುಳಿ ಕಡೆಯಿಂದ ಬೀಸುವ ಗಾಳಿಗೆ ಗೊನೆ ಬಿಟ್ಟ ಬಾಳೆ ಒರಗುತ್ತದೆ, ಕೋಲು ಊರಿ ನಿಲ್ಲಿಸಬೇಕು. ಮಿಲ್ಲಿಗೆ ರಜೆಯ ದಿನ ನನ್ನ ಗಂಡ ಬೆಳಗ್ಗೆ ಎದ್ದು, ಸುಮ್ಮನೆ ತೂಗುತ್ತಿದ್ದ ಮೂರನೆಯ ಬಿದಿರನ್ನು ಇಳಿಸಿಕೊಂಡು ಹೋಗಿ, ಎರಡು ತುಂಡು ಮಾಡಿ ಎರಡು ಮರಕ್ಕೆ ಊರಿಬಿಟ್ಟ. ಕೆಲಸಕ್ಕೆ ಬಾರದ್ದು ಅಂತ ನೀನೇ ದಿನಾ ಹೇಳುತ್ತಿದ್ದೆಯಲ್ಲ ಅಂದ ಆಮೇಲೆ. ಹೇಳುತ್ತಿದ್ದೆ, ನಿಜ.

ದೊಡ್ಡಪ್ಪನ ತಾಯಿಗೆ ಆಗ ಎಂಬತ್ತರ ಮೇಲೆ. ನಾಲ್ಕು ದಿನದಿಂದ ಜ್ವರ ಬಂದು ಒಳಗೆ ಮಲಗಿದ್ದಳು. ಗೂಡಲೂರಿನಲ್ಲಿದ್ದ ಅವಳ ತಂಗಿಗೆ ಸುದ್ದಿ ಮುಟ್ಟಿತು. ಆ ಮುದುಕಿ ಅದೇ ರಜೆಯ ದಿನ, ಹೊತ್ತು ನೆತ್ತಿಗೇರುವ ವೇಳೆಗೆ ಬಸ್ಸಿಳಿದು ಬೀದಿಯ ಬಾಯಿಗೆ ಬಂದಳು. ತನ್ನ ಅಕ್ಕನ ಮನೆಯ ಸೂರಿನಲ್ಲಿ ಅವಳಿಗೆ ಏನು ಕಾಣಬೇಕು? ಎರಡು ಬಿದಿರು, ನೇತಾಡುವ ತೆಂಗಿನ ಹುರಿ, ಅದರ ಮೇಲೆ ನಾನು ಒಗೆದು ಒಣಹಾಕಿದ್ದ ಬಿಳೀ ಪಂಚೆ.

ಕೈಚೀಲ ಅಲ್ಲೇ ಬಿಸಾಕಿದಳು. "ಅಯ್ಯೋ ನನ್ನಕ್ಕಾ, ನಾನು ಬರೋಗಂಟ ಒಸಿ ತಡೀಬಾರದಾಗಿತ್ತಾ!" ಅಂತ ಎದೆ ಬಡಿದುಕೊಂಡು ಶುರು ಮಾಡಿದಳು.

ನಮ್ಮ ಬೀದಿಯ ಹೆಂಗಸರಿಗೆ ಒಂದು ಪದ್ಧತಿ ಇದೆ. ಒಪ್ಪಾರಿ, ಸಾವಿನ ಮನೆಯ ಹಾಡಳು, ಕಿವಿಗೆ ಬಿದ್ದರೆ ಯಾರು ಸತ್ತರು ಅಂತ ಕೇಳುವುದಿಲ್ಲ. ಕೂದಲು ಬಿಚ್ಚಿಕೊಂಡು ಓಡಿಹೋಗಿ, ಅಳುವವಳ ಕೊರಳು ತಬ್ಬಿ, ಮೊದಲು ಅಳುವುದು. ಕೇಳುವುದು ಆಮೇಲೆ. ಬಂದರು, ತಬ್ಬಿದರು, ಅತ್ತರು. ಸಾವಾದ ಬೀದಿಯಲ್ಲಿ ಒಲೆ ಉರಿಯಬಾರದು ಅಂತ ನಾಲ್ಕು ಮನೆಯಲ್ಲಿ ಒಲೆಗೆ ನೀರು ಸುರಿದರು. ಅರ್ಧ ಬೆಂದ ಅನ್ನ ಹಾಗೇ ಉಳಿಯಿತು. ನಾನು ಹಿತ್ತಲಿನಿಂದ ಓಡಿಬಂದು "ಯಾರೂ ಸತ್ತಿಲ್ಲ, ಯಾರೂ ಸತ್ತಿಲ್ಲ" ಅಂತ ಕೂಗಿದರೆ ಯಾರಿಗೆ ಕೇಳುತ್ತದೆ? ದುಃಖ ತಡೆಯಲಾರದೆ ಏನೋ ಅನ್ನುತ್ತಿದ್ದಾಳೆ ಅಂತ ಒಬ್ಬಳು ನನ್ನನ್ನೂ ತಬ್ಬಿಕೊಂಡಳು.

ಅಷ್ಟರಲ್ಲಿ ಒಳಗೆ ಮಲಗಿದ್ದ ಅಜ್ಜಿಗೆ ಎಚ್ಚರವಾಯಿತು. ಅವಳೂ ಅದೇ ಪದ್ಧತಿಯವಳು. ಸತ್ತವರು ಯಾರಾದರೇನು ಅಂತ ಮಂಚದ ಮೇಲಿಂದಲೇ ಅವಳೂ ಎತ್ತಿದಳು. ಗೋಡೆಯ ಆ ಕಡೆ ಅಕ್ಕ, ಈ ಕಡೆ ತಂಗಿ, ಒಬ್ಬರಿಗಿಂತ ಒಬ್ಬರ ದನಿ ಜೋರು. ಸ್ವಲ್ಪ ಹೊತ್ತಾದ ಮೇಲೆ ತಂಗಿ ನಿಲ್ಲಿಸಿ ಕಿವಿಗೊಟ್ಟಳು.

ಒಳಗಿಂದ ಅಜ್ಜಿ ಕೇಳಿದಳು, "ಎಲೇ, ಗೂಡಲೂರವಳಾ? ಯಾವಾಗ ಬಂದೆ? ಯಾರೇ ಹೋದದ್ದು?"

"ನೀನೇ ಅಕ್ಕಾ!"

"ನಾನಾ? ನಂಗ್ಯಾರೂ ಹೇಳ್ಲೇ ಇಲ್ಲವಲ್ಲೇ."

ನಗಬೇಕಾದ ಮಾತು. ನಕ್ಕವಳು ನಾನೊಬ್ಬಳೇ, ಅದೇ ತಪ್ಪಾಯಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು, ಆಮೇಲೆ ತಲೆಯೆತ್ತಿ ಕೋಲನ್ನು ನೋಡಿದರು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪನ ಜಗಲಿಯಲ್ಲಿ ಸೇರಿದರು. ಅವನು ಸೂರಿನ ಕಡೆ ಕೈ ತೋರಿಸಿದ. "ಬದುಕಿರೋ ನಮ್ಮವ್ವಂಗೆ ನನ್ನ ಸೂರಿನಲ್ಲೇ ಬಿದಿರು ಕಟ್ಟಿದ್ರಲ್ಲವ್ವಾ. ಮೂರು ಅಂತ ಹೇಳಿದ್ನೋ ಇಲ್ವೋ?"

ಮೂರನೆಯದು ಬಾಳೆಗೆ ಹೋಯಿತು ಅಂದೆ. ನನ್ನ ಗಂಡ ಕಂಬದ ಹಿಂದೆ ನಿಂತು ಉಗುರು ನೋಡಿಕೊಳ್ಳುತ್ತಿದ್ದ.

"ಇನ್ನು ಮೂರೂ ಬ್ಯಾಡ, ಎರಡೂ ಬ್ಯಾಡ. ನಾಳೆಯಿಂದ ಈ ಬೀದಿಗೆ ಬಿದಿರು ಬರಕೂಡದು."

"ಮಿಲ್ಲಲ್ಲಿ ಜಾಗ ಇಲ್ಲ ದೊಡ್ಡಪ್ಪಾ. ಕೋಲಿಲ್ದೆ ಕೆಲಸ ಇಲ್ಲ."

"ಹಂಗಾದ್ರೆ ಕೆಲಸ ಬಿಡಿ."

ಆಗ ಒಳಗಿಂದ ಅಜ್ಜಿಯ ದನಿ. "ಎಲೋ ಮಗನೇ, ಇಪ್ಪತ್ತಡಿ ಬಿದಿರಲ್ಲಿ ಚಟ್ಟ ಕಟ್ಟಿದ್ರೆ ನನ್ ಜೊತೆ ಇನ್ನಿಬ್ರು ಮಲಗ್ಬೇಕಲ್ಲೋ. ನೀನೂ ನಿನ್ ಚಿಕ್ಕವ್ವನೂ ಬತ್ತೀರಾ?"

ಇಡೀ ಬೀದಿಯಲ್ಲಿ ಅಳತೆ ಗೊತ್ತಿದ್ದವಳು ಅವಳೊಬ್ಬಳೇ. ಆದರೆ ಜ್ವರದಲ್ಲಿ ಮಾತಾಡುತ್ತಿದ್ದಾಳೆ ಅಂತ ಬಾಗಿಲು ಮುಂದೆ ಮಾಡಿದರು. ತೀರ್ಮಾನ ತೀರ್ಮಾನವೇ.

ನಾನು ಅಕ್ಕನ ಕೋಣೆಗೆ ಹೋದಾಗ ಅವಳು ಸೀರೆ ಮಡಿಸುತ್ತಿದ್ದಳು.

"ತೇನಿಯಿಂದ ಬೆಳಗ್ಗೆ ಬಸ್ಸೈತೆ. ನಿಲಕ್ಕೋಟ್ಟೈಗೆ ಹೋಗ್ತೀನಿ."

"ಹೋಗು. ನೀನು ಹೂ ಬಿಡಿಸು, ಅವಳು ಮುಡೀಲಿ."

"ನಾನೇನ್ ಮಾಡ್ಲಿ ಹೇಳು, ದೊಡ್ಡಪ್ಪ ಹೇಳ್ಬಿಟ್ಟ."

"ಮೇಸ್ತ್ರಿ ಹೇಳ್ದ, ದೊಡ್ಡಪ್ಪ ಹೇಳ್ದ, ನಿನ್ ಗಂಡ ಹೇಳ್ದ. ನೀನು ಯಾವತ್ತೇ ಹೇಳೋದು?"

ಅತ್ತಳು. ನನಗೆ ಸಿಟ್ಟು ಇನ್ನೂ ಏರಿತು. ಮೇಸ್ತ್ರಿಯ ಮೇಲೆ, ದೊಡ್ಡಪ್ಪನ ಮೇಲೆ, ಬಸ್ಸಿಳಿದು ಬಂದು ಒಳಗೆ ಇಣುಕಿಯೂ ನೋಡದ ಗೂಡಲೂರಿನವಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ವರ್ಷ ಕೇಳುತ್ತಾ ನಿಂತಿದ್ದ ನನ್ನ ಮೇಲೆ. ಮನೆಗೆ ಬಂದರೆ ಗಂಡ ಅನ್ನದ ಮುಂದೆ ಕೂತು "ಗೊನೆ ಬೀಳಲಿಲ್ಲ ನೋಡು" ಅಂದ.

ಮರುದಿನ ಬೆಳಗಾಗುತ್ತಲೇ ಕೊಟ್ಟಿಗೆಯಲ್ಲಿದ್ದ ಹಳೇ ಎತ್ತಿನ ಗಾಡಿಯ ಗೂಟಗಳಲ್ಲಿ ನಾಲ್ಕನ್ನು ಕಿತ್ತೆ. ಕೇಳದೆ ಎತ್ತಿಕೊಳ್ಳುವುದನ್ನು ಗಂಡನಿಂದಲೇ ಕಲಿತದ್ದು. ಗಂಟು ತಲೆಯ ಮೇಲಿಟ್ಟುಕೊಂಡು ನಿಂತಿದ್ದ ಅಕ್ಕನ ಕೈಗೆ ಒಂದು ಕೋಲು ಕೊಟ್ಟೆ. ಹೇಗೂ ಬಸ್ಸಿಗೆ ತೇನಿಗೆ ಬರಬೇಕಲ್ಲ, ಬಾ ಅಂದೆ. ಬೀದಿಯ ತಂಟೆಗೆ ಹೋಗಲಿಲ್ಲ. ಮನೆಗಳ ಹಿಂದೆ ಕಾಲುವೆಯ ಏರಿ ಹಿಡಿದು ಅವಳು ಮುಂದೆ ಒಂದು ಕೋಲಿನ ಜೊತೆ, ನಾನು ಐವತ್ತು ಹೆಜ್ಜೆ ಹಿಂದೆ ಇನ್ನೊಂದರ ಜೊತೆ. ಒಂದೊಂದು ಬಿದಿರಿಗೆ ಚಟ್ಟವಾಗುವ ಭಯವಿರಲಿಲ್ಲ.

ಮಿಲ್ಲಿನ ಹೊರಗೋಡೆಯಲ್ಲಿ, ಕಟ್ಟುವಾಗ ಆಳು ಹತ್ತಿ ನಿಲ್ಲಲು ಸಾರುವೆ ಮರ ಸಿಕ್ಕಿಸಿದ್ದ ತೂತುಗಳನ್ನು ಗಾರೆಯವರು ಮುಚ್ಚದೆ ಹಾಗೇ ಬಿಟ್ಟಿದ್ದರು. ತಲೆಗಿಂತ ಒಂದು ಮೊಳ ಎತ್ತರಕ್ಕೆ ಒಂದೇ ಸಾಲು. ಒಂದು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೆ. ಯಾರ ಕೈಯೂ ಕೋಲಿಗೆ ಹೋಗಬಾರದು ಅಂತ ಮ್ಯಾನೇಜರರ ಕೋಣೆಯ ಕಿಟಕಿಯ ಪಕ್ಕದ ತೂತುಗಳನ್ನೇ ಆರಿಸಿ, ಬಕೆಟ್ಟು ಬೋರಲು ಹಾಕಿ ಹತ್ತಿ, ಗುಂಡುಕಲ್ಲಿನಿಂದ ಗೂಟ ಬಡಿದೆ. ಸದ್ದಿಗೆ ಮೇಸ್ತ್ರಿ ಓಡಿ ಬಂದ.

"ಎಡಂ ಇಲ್ಲಮ್ಮಾ! ಇಲ್ಲಿ ಎಡಂ ಇಲ್ಲ!"

"ಐತೆ," ಅಂದು ಇನ್ನೊಂದು ಏಟು ಹಾಕಿದೆ.

ಮ್ಯಾನೇಜರ್ ಕಿಟಕಿಯಿಂದ ತಲೆ ಹಾಕಿ ಗೂಟ ನೋಡಿದರು, ನನ್ನನ್ನು ನೋಡಿದರು, ಕಿಟಕಿ ಹಾಕಿಕೊಂಡರು. ಮೇಸ್ತ್ರಿ ಆ ಮುಚ್ಚಿದ ಕಿಟಕಿಯನ್ನು ನೋಡಿ ವಾಪಸ್ಸು ಹೋದ. ಎರಡೂ ಕೋಲಿಗೆ ಮೂರೇ ಗೂಟ ಸಾಕಾಯಿತು, ನಾಲ್ಕನೆಯದು ಮಿಕ್ಕಿತು. ಅಕ್ಕನ ತಲೆಯಿಂದ ಗಂಟು ಇಳಿಸಿ ಅದಕ್ಕೆ ತೂಗುಹಾಕಿದೆ, ಒಣ ಕೋಲನ್ನು ಅವಳ ಕೈಗೆ ಕೊಟ್ಟು, ಬಕೆಟ್ಟಿಗೆ ನೀರು ತರಲು ಹೋದೆ.