ಬ್ಯಾಂಕಾಕಿನ ಹೊಸಿಲು

ಮೊನ್ನೆ ಪಿಂಚಣಿಯ ಕೆಲಸಕ್ಕೆಂದು ಪೇಟೆಗೆ ಹೋಗಿದ್ದವಳು ಬಿಸಿಲು ತಾಳಲಾರದೆ ಸಾಮಿಲ್‌ನ ಹಿಂದಿನ ದಾರಿ ಹಿಡಿದೆ. ಒಳಗೆ ತೇಗದ ದಿಮ್ಮಿ ಕೊಯ್ಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಧಸಕ್ಕೆಂದಿತು. ಹುಣಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಮರದ ವಾಸನೆ ಹೊಸದಲ್ಲ. ಆದರೆ ಕೊಯ್ದ ತೇಗದ ವಾಸನೆ ಬಂದರೆ ಇವತ್ತಿಗೂ ನನಗೆ ಮೊದಲು ಬರುವುದು ಹೆದರಿಕೆ, ಅದರ ಬೆನ್ನಿಗೇ ಗೊಬ್ಬರದಂಗಡಿ ಅಕ್ಕ…

ಅಕ್ಕ ನಮ್ಮ ಎದುರು ಮನೆಯವಳು. ಗಂಡ ಇದ್ದಕ್ಕಿದ್ದಂತೆ ತೀರಿಕೊಂಡ ಮೇಲೆ ಅವನ ಗೊಬ್ಬರದಂಗಡಿಯನ್ನು ತಾನೇ ನಡೆಸಿದಳು. ಹೊಗೆಸೊಪ್ಪು ಬೆಳೆಯುವವರು ಸಾಲುಗಟ್ಟಿ ಬಂದು ನಿಂತರೂ ಅವಳ ಗಂಟಲೇ ಮೇಲಿರುತ್ತಿತ್ತು. ಅಂಗಡಿಯಲ್ಲಿ ಅಂಥ ಹುಲಿ, ಮನೆಯಲ್ಲಿ ಮಾತ್ರ ಬೇರೆ. ಮಗ ಸತ್ತ ವಾರವೇ ಅವಳ ಅತ್ತೆ ಅರಿಶಿನ ಕುಂಕುಮದ ಬಟ್ಟಲನ್ನು ದೇವರ ಗೂಡಿನಿಂದ ಎತ್ತಿ ತಮ್ಮ ಕೋಣೆಯಲ್ಲಿಟ್ಟುಕೊಂಡಿದ್ದರು. ಮಾವ ಗಟ್ಟಿಯಾಗಿದ್ದರು, ಹಾಗಾಗಿ ಆ ಮನೆಯ ಮುತ್ತೈದೆ ಅತ್ತೆಯೇ. ಬೆಳಗ್ಗೆ ಎದ್ದು ಹೊಸಿಲು ತೊಳೆಯುವುದು ಅಕ್ಕ, ಅದಕ್ಕೆ ಅರಿಶಿನ ಬಳಿದು ಕುಂಕುಮವಿಡುವುದು ಅತ್ತೆ. ಅವರು ಬಗ್ಗಿ ಕುಂಕುಮವಿಡುವಷ್ಟು ಹೊತ್ತು ಅಕ್ಕ ಬಕೆಟ್ಟು ಹಿಡಿದು ಪಕ್ಕಕ್ಕೆ ಸರಿದು ನಿಂತಿರುತ್ತಿದ್ದಳು. ನಾನು ನಮ್ಮ ಬಾಗಿಲಲ್ಲಿ ರಂಗೋಲಿ ಬಿಡುತ್ತಾ ದಿನವೂ ನೋಡುತ್ತಿದ್ದೆ. ಅದರಲ್ಲಿ ಏನಾದರೂ ಇದೆ ಅಂತ ಆಗ ಅನ್ನಿಸಿದ್ದೇ ಇಲ್ಲ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಗೊಬ್ಬರದ ಕಂಪನಿ ಬ್ಯಾಂಕಾಕಿಗೆ ಕರೆದುಕೊಂಡು ಹೋಗುತ್ತದೆ ಎಂದಾಯಿತು. ಜೊತೆಗೆ ಇನ್ನೊಬ್ಬರನ್ನು ಕರೆತರಬಹುದಿತ್ತು. ಅಕ್ಕ ಸೀದಾ ನಮ್ಮ ಅಡುಗೆಮನೆಗೆ ಬಂದು ಕೂತಳು. "ನೀನು ಬರ್ಬೇಕು ಕಣೇ. ನಿಂಗೆ ಇಂಗ್ಲೀಸ್ ಬತ್ತದೆ" ಅಂದಳು. ಸ್ಕೂಲು ಟೀಚರ್ ಆದರೂ ನನ್ನ ಇಂಗ್ಲಿಷು ನಾನು ಹೇಳಿಕೊಡುವ ಐದನೇ ಕ್ಲಾಸಿನ ಪಾಠ ದಾಟಿದ್ದಲ್ಲ, ಅದು ಅವಳಿಗೂ ಗೊತ್ತಿತ್ತು. ನಾನೋ ಹುಟ್ಟು ಪುಕ್ಕಲಿ, ಮಡಿಕೇರಿ ಬಸ್ಸು ತಿರುವಿನಲ್ಲಿ ಓಲಾಡಿದರೂ ದೇವರನ್ನು ನೆನೆಯುವವಳು. ನಮ್ಮ ಯಜಮಾನರು ಹೋಗಿ ಬಾ ಎಂದು ನಕ್ಕರು. ಹೊರಟೆ.

ಗುಂಪಿನಲ್ಲಿ ನಾವಿಬ್ಬರು ಬಿಟ್ಟರೆ ಎಲ್ಲರೂ ಗಂಡಸರೇ. ಅವರಲ್ಲಿ ಒಬ್ಬ ರಾವಂದೂರಿನ ಅಂಗಡಿಯವನು, ಅಕ್ಕನ ಅತ್ತೆಯ ಸ್ವಂತ ಅಣ್ಣನ ಮಗ. ಅವನ ಕಿವಿಗೆ ಬಿದ್ದ ಮಾತು ಹೊತ್ತು ಮುಳುಗುವುದರೊಳಗೆ ಮೂರು ತಾಲೂಕು ಸುತ್ತಿ ಬರುತ್ತಿತ್ತು. ಅಕ್ಕ ಅಲ್ಲಿದ್ದಷ್ಟು ದಿನವೂ ಅವನ ಕಣ್ಣೆದುರು ತಲೆ ಮೇಲಿನ ಸೆರಗು ಜಾರಿಸಲಿಲ್ಲ.

ಕೊನೆಯ ದಿನ, ಏರ್‌ಪೋರ್ಟಿಗೆ ಹೋಗುವ ಮುಂಚೆ, ಒಂದು ಹಳೆಯ ಮನೆ ತೋರಿಸಿದರು. ಮನೆಯವರು ಹೋದ ಮೇಲೆ ಅದನ್ನು ಮ್ಯೂಸಿಯಂ ಮಾಡಿದ್ದರಂತೆ. ಕಾಲುವೆಯ ದಂಡೆಯಲ್ಲಿ, ಮರಗಳ ನಡುವೆ, ದಪ್ಪ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ತೇಗದ ಮನೆ. ಗೋಡೆ, ನೆಲ, ಮೆಟ್ಟಿಲು ಎಲ್ಲವೂ ಮರ. ಕಂಬಗಳ ನಡುವಿನ ಖಾಲಿ ಜಾಗ ನೋಡಿ ಅಕ್ಕ "ಇಲ್ಲಿ ನಾಕು ದನ ಕಟ್ಬೋದಾಗಿತ್ತು" ಅಂದಳು. ಚಪ್ಪಲಿ ಬಿಟ್ಟು ಮೇಲೆ ಹತ್ತಿದೆವು. ಆಗಷ್ಟೇ ಒಂದು ಮೂಲೆಯಲ್ಲಿ ಯಾವುದೋ ಹಲಗೆ ಕೊಯ್ದು ರಿಪೇರಿ ಮಾಡುತ್ತಿದ್ದರು. ಮನೆಯೆಲ್ಲ ತೇಗದ ಘಮ.

ಒಳಗಿನ ಕೋಣೆಯ ಬಾಗಿಲಿಗೆ ಬಂದಾಗ ಗೈಡ್ ಹುಡುಗಿ ಏನೋ ಹೇಳಿದಳು. ನಮ್ಮ ಮೊಣಕಾಲ ಹತ್ತಿರಕ್ಕೆ ಬರುವಷ್ಟು ಎತ್ತರದ ಹೊಸಿಲು. ಅದನ್ನು ತುಳಿಯಬಾರದು, ದಾಟಿ ಬರಬೇಕು, ಇಲ್ಲದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ನಾನು ಅಕ್ಕನಿಗೆ ಬಿಡಿಸಿ ಹೇಳಿದೆ.

ಅಕ್ಕ ನಿಂತುಬಿಟ್ಟಳು. "ಇವ್ರೂ ನಮ್ಮಂಗೇಯಾ ಕಣೇ" ಅಂದಳು. ಆಮೇಲೆ, "ಈಗ ಈ ಮನೇಲಿ ಯಾರವ್ರಂತೆ, ಕೇಳು" ಅಂದಳು. ಕೇಳಿದೆ. ಯಾರೂ ಇಲ್ಲ ಅಂದಳು ಹುಡುಗಿ.

"ಅತ್ತೆ, ಸೊಸೆ, ಯಾರೂ ಇಲ್ವಂತಾ?"

"ಯಾರೂ ಇಲ್ಲ ಬಾ ಅಕ್ಕ, ಎಲ್ರೂ ಮುಂದಕ್ಕೆ ಹೋದ್ರು."

ಅವಳು ಬರಲಿಲ್ಲ. "ನಿನ್ ಭರಣಿ ಕೊಡು" ಅಂದಳು. ನನ್ನ ಬ್ಯಾಗಿನಲ್ಲಿ ಅರಿಶಿನ ಕುಂಕುಮದ ಜೋಡಿ ಭರಣಿ ಸದಾ ಇರುತ್ತಿತ್ತು. ಎಲ್ಲೋ ದೇವರ ಮೂರ್ತಿ ಕಂಡಿರಬೇಕು ಎಂದುಕೊಂಡು ಕೊಟ್ಟೆ. ನೋಡನೋಡುತ್ತಿದ್ದಂತೆ ಬಾಟಲಿಯ ನೀರನ್ನು ಅಂಗೈಗೆ ಬಿಟ್ಟುಕೊಂಡು, ಅರಿಶಿನ ಕಲಸಿ, ಹೊಸಿಲಿನ ಉದ್ದಕ್ಕೂ ಬಳಿದೇ ಬಿಟ್ಟಳು. ಅದರ ಮೇಲೆ ಕುಂಕುಮದ ಬೊಟ್ಟು. ಕೈ ಒಂದಿಷ್ಟೂ ತಡವರಿಸಲಿಲ್ಲ.

"ಏನ್ ಮಾಡ್ತಿದೀಯ ಅಕ್ಕ, ಯಾರಾದ್ರೂ ನೋಡ್ತಾರೆ" ಅಂದೆ.

"ಇಲ್ಲಿ ನಮ್ಮತ್ತೆ ಇಲ್ಲ ಕಣೇ."

ಅತ್ತೆ ಇರಲಿಲ್ಲ, ಕಾವಲಿನವನಿದ್ದ. ಎಲ್ಲಿಂದ ಬಂದನೋ, ಹೊಸಿಲು ನೋಡಿದ, ಅಕ್ಕನ ಕೈ ನೋಡಿದ, ಬಾಯಿಬಿಟ್ಟು ನಿಂತ. ಆಮೇಲೆ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಬಡಬಡ ಮಾತಾಡಿದ. ಇನ್ನೊಬ್ಬ ಓಡಿ ಬಂದ. ಅಕ್ಕ ಗಾಬರಿಯಾಗಿ ಸೆರಗಿನಿಂದ ಒರೆಸಲು ಹೋದರೆ ಅರಿಶಿನ ಮರದ ಗೆರೆಗಳೊಳಗೆ ಇನ್ನಷ್ಟು ಇಳಿಯಿತು. ಇಬ್ಬರೂ ಒಟ್ಟಿಗೆ ಕೂಗಿ ತಡೆದರು. ನನ್ನ ಬಾಯಿಯ ಪಸೆ ಆರಿಹೋಯಿತು. ನಮ್ಮ ಪಾಸ್‌ಪೋರ್ಟು ಟೂರ್ ಮ್ಯಾನೇಜರ್ ಬಳಿ, ಮ್ಯಾನೇಜರ್ ಕೆಳಗೆ ಬಸ್ಸಿನ ಬಳಿ. ಬಸ್ಸು ಬಿಟ್ಟರೆ ವಿಮಾನ ಹೋಯಿತು. ಪರದೇಶದ ಜೈಲಿನಲ್ಲಿ ಇಬ್ಬರು ಹೆಂಗಸರು, ಅನ್ನ ಸಾರಾದರೂ ಕೊಡುತ್ತಾರೋ ಇಲ್ಲವೋ… ಈಗ ಬರೆಯುವಾಗ ನಗು ಬರುತ್ತದೆ.

ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ಬಂದರು, ಅಲ್ಲಿನ ಅಧಿಕಾರಿ ಇರಬೇಕು. ಬಗ್ಗಿ ಹೊಸಿಲು ನೋಡಿದರು, ಬೆರಳಿಂದ ಮುಟ್ಟಿ ಮೂಸಿದರು. ಇದೇನು ಎಂದು ಕೇಳಿದರು. ಟರ್ಮರಿಕ್, ಪೂಜಾ, ಸಾರಿ, ಇಷ್ಟೇ ನನ್ನ ಬಾಯಿಂದ ಹೊರಟದ್ದು. ನಿಮ್ಮ ಗುಂಪಿನ ಮುಖ್ಯಸ್ಥರನ್ನು ಕರೆಸಿ ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಮ್ಯಾನೇಜರ್ ಬಂದರೆ ಹೇಗಾದರೂ ಬಿಡಿಸಿಕೊಂಡು ಹೋಗುತ್ತಾನೆ.

ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ ಕಣೇ, ಕರೀಬ್ಯಾಡಿ ಅನ್ನು. ಮ್ಯಾನೇಜರ್ ಬಂದ್ರೆ ಹಿಂದೇನೇ ರಾವಂದೂರವ್ನೂ ಬತ್ತಾನೆ. ಗಂಡ ಸತ್ತೋಳು ಕುಂಕ್ಮ ಮುಟ್ಟುದ್ಲು, ಅದೂ ಗಂಡಸ್ರ ಜೊತೆ ಟೂರ್ಗೆ ಬಂದಾಗ ಅಂದ್ರೆ ಊರಲ್ಲಿ ಏನಂತ ಕತೆ ಕಟ್ತಾರೆ, ನೀನೇ ಯೋಳು. ಮನೆ ಮಾವಂದು, ಅಂಗ್ಡಿ ಮಾವಂದು. ಎರಡ್ರಿಂದ್ಲೂ ಆಚೆ ಆಕ್ತಾರೆ. ಅದ್ಕಿಂತ ಜೈಲ್ಗೆ ಆಕ್ಲಿ ಬುಡು."

ಅಷ್ಟು ವರ್ಷ ಎದುರು ಮನೆಯಲ್ಲಿದ್ದರೂ ಅಕ್ಕ ಹೆದರಿದ್ದನ್ನು ನಾನು ಕಂಡದ್ದು ಅವತ್ತೇ. ನಾನು ಥಾಯ್ ಪೊಲೀಸರಿಗೆ ಹೆದರಿ ನಡುಗುತ್ತಿದ್ದೆ. ಅವಳು ಹೆದರಿದ್ದು ಹುಣಸೂರಿಗೆ.

ಬೇಡ ಎನ್ನುವಷ್ಟರಲ್ಲಿ ಯಾರೋ ಹೋಗಿ ಕರೆದಿದ್ದರು. ಮೆಟ್ಟಿಲ ಮೇಲೆ ಸದ್ದಾಯಿತು. ಮ್ಯಾನೇಜರ್, ಅವನ ಹಿಂದೆ ರಾವಂದೂರಿನವನು. ಅಕ್ಕ ಅರಿಶಿನದ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಏನಾಯ್ತು ಟೀಚರ್ರೇ? ಯಾರು ಮಾಡಿದ್ದು ಇದನ್ನ?" ಅಂದ ರಾವಂದೂರಿನವನು.

ಭರಣಿ ನೆಲದ ಮೇಲಿತ್ತು. ಬಗ್ಗಿ ಎತ್ತಿಕೊಂಡೆ.

"ನಾನೇ ಹಚ್ಚಿದ್ದು" ಅಂದೆ. ಅಧಿಕಾರಿಯ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದೆ.

ಕಾವಲಿನವನು ಅಲ್ಲ ಅಲ್ಲ ಎನ್ನುವಂತೆ ತಲೆಯಾಡಿಸಿ, ಕೈಯೆತ್ತಿ ಅಕ್ಕನ ಕಡೆ ಬೆರಳು ತೋರಿಸಿದ. ಆಗ ಹೋದ ಜೀವ ಇನ್ನು ವಾಪಸು ಬರುವುದಿಲ್ಲ ಎಂದುಕೊಂಡೆ. ಆ ಹೆಂಗಸು ಅಕ್ಕನ ಖಾಲಿ ಹಣೆ ನೋಡಿದರು, ಸುತ್ತಿಕೊಂಡ ಸೆರಗು ನೋಡಿದರು, ನನ್ನನ್ನು ನೋಡಿದರು. ಕಾವಲಿನವನಿಗೆ ಮೆಲ್ಲಗೆ ಏನೋ ಅಂದರು. ರಾವಂದೂರಿನವನು ಹೊಸಿಲಿಂದ ತಲೆ ಎತ್ತುವಷ್ಟರಲ್ಲಿ ಕಾವಲಿನವನು ಕೈ ಕೆಳಗಿಳಿಸಿದ್ದ. ಅವರಿಗೆ ಏನು ಅರ್ಥವಾಯಿತೋ, ಏನೂ ಆಗಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ಹಳೆಯ ಮನೆಯಲ್ಲಿ ಏನನ್ನೂ ಮುಟ್ಟಬಾರದು ಎಂದು ಮ್ಯಾನೇಜರ್‌ಗೆ ಹೇಳಿ ನಮ್ಮನ್ನು ಕಳಿಸಿಕೊಟ್ಟರು. ನಾವು ಇಳಿಯುವಾಗ ಒಬ್ಬ ಹುಡುಗಿ ಹತ್ತಿಯಿಂದ ಹೊಸಿಲು ಒರೆಸುತ್ತಿದ್ದಳು. ಕುಂಕುಮ ಹೋಗಿತ್ತು, ಹಳದಿ ಹೋಗಿರಲಿಲ್ಲ.

"ಓದಿದೋರು, ಮಕ್ಕಳಿಗೆ ಪಾಠ ಯೋಳೋರು, ನೀವೇ ಇಂಗ್ ಮಾಡುದ್ರೆ ಎಂಗೆ" ಎಂದು ರಾವಂದೂರಿನವನು ಬಸ್ಸಿನುದ್ದಕ್ಕೂ ನನ್ನನ್ನು ಆಡಿಕೊಂಡ. ನಾವು ಊರು ಸೇರುವುದರೊಳಗೆ ಸುದ್ದಿ ಸೇರಿತ್ತು. ಮಾರನೆಯ ಬೆಳಗ್ಗೆ ಅಕ್ಕನ ಅತ್ತೆ ಬೀದಿಗೆಲ್ಲ ಕೇಳುವಂತೆ, "ಮುತ್ತೈದೆ ಅಂದ್ರೆ ಇಂಗಿರ್ಬೇಕು ಕಣವ್ವ, ಪರದೇಸಕ್ಕೋದ್ರೂ ಒಸ್ಲು ಮರೀನಿಲ್ಲ" ಎಂದು ನನ್ನನ್ನು ಹೊಗಳಿದರು. ಪಕ್ಕದಲ್ಲಿ ಅಕ್ಕ ಬಕೆಟ್ಟು ಹಿಡಿದು ನಿಂತಿದ್ದಳು. ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ನಗುತ್ತಾ ನಗುತ್ತಾ ಅವಳು ಅತ್ತಳು. ಆಮೇಲೆ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ…

ಅತ್ತೆ ಹೋದ ಮೇಲೆ ಅಕ್ಕನ ಮಗನಿಗೆ ಮದುವೆಯಾಗಿ ಆ ಮನೆಗೆ ಸೊಸೆ ಬಂದಳು, ಬಟ್ಟಲು ಅವಳ ಕೈಗೆ ಹೋಯಿತು. ಅಕ್ಕ ಒಂದು ಮಳೆಗಾಲ ಎದೆನೋವೆಂದು ಮೈಸೂರಿಗೆ ಹೋದವಳು ತಿರುಗಿ ಬರಲಿಲ್ಲ. ಹುಣಸೂರಿನ ತನ್ನ ಮನೆಯ ಹೊಸಿಲಿಗೆ ಗಂಡ ಹೋದಂದಿನಿಂದ ಅವಳು ಒಂದು ಬೊಟ್ಟು ಕುಂಕುಮವನ್ನೂ ಇಡಲಿಲ್ಲ.

ಹೋದ ವರ್ಷ ನಮ್ಮ ಯಜಮಾನರೂ ಹೋದರು. ನಮ್ಮ ಹೊಸಿಲಿನ ಕೆಲಸ ಈಗ ಸೊಸೆಯದು. ಕಳೆದ ವಾರ ಅವಳು ತವರಿಗೆ ಹೋದಾಗ ನಾನೇ ಹೊಸಿಲು ತೊಳೆದೆ. ತೊಳೆದು, ಅರಿಶಿನದ ಡಬ್ಬಿ ಹಿಡಿದು ತುಂಬ ಹೊತ್ತು ನಿಂತಿದ್ದೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಎದುರು ಮನೆಯ ಬಾಗಿಲು ತೆರೆದಿತ್ತು. ಯಾರಾದರೂ ಕೇಳಿದರೆ ನಾನೇ ಹಚ್ಚಿದ್ದು ಎಂದು ಹೇಳಲು ಅಕ್ಕ ಇರಲಿಲ್ಲ. ಡಬ್ಬಿಯನ್ನು ಒಳಗಿಟ್ಟು ಬಂದೆ.