ಸಾಟಿಯಲ್ಲಿ ಗೆದ್ದವರು ಯಾರು

ಚೆನ್ನಾಗಿ ಆಡುವವನನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಇದನ್ನು ಗಂಡನಿಗೂ ಮಗಳಿಗೂ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿದೆ. ಇಬ್ಬರಿಗೂ ಅಮೆರಿಕನ್ ಫುಟ್‌ಬಾಲಿನ ಹುಚ್ಚು. ಕಾಲಿನಿಂದ ಒದೆಯುವುದು ಅಪರೂಪ, ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು, ಆದರೂ ಹೆಸರು ಮಾತ್ರ ಫುಟ್‌ಬಾಲು. ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು ಎನ್ನಿ. ಒಂದು ವರ್ಷ ಅಮೆರಿಕದ ಟೀಮೊಂದು ಇಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿಗೆ ಬಂದು ಆಡಿತು. ನಮ್ಮ ರೇನರ್ಸ್ ಲೇನಿನಿಂದ ಟ್ಯೂಬ್ ರೈಲು ಹತ್ತಿದರೆ ಹತ್ತಿರದ ದಾರಿ, ಅಪ್ಪ ಮಗಳು ಹೋಗಿ ನೋಡಿ ಬಂದರು. ಆ ದಿನದಿಂದ ಅದು 'ನಮ್ಮ ಟೀಮು'. ಆ ದಿನ ಅದು ಸೋತಿತ್ತು ಅನ್ನುವುದು ಬೇರೆ ಮಾತು.

ಭಾನುವಾರ ಅಲ್ಲಿ ಮಧ್ಯಾಹ್ನ ಆಟ ಶುರುವಾದರೆ ಇಲ್ಲಿ ಸಂಜೆ. ಆಟಕ್ಕೆ ಮೊದಲು ಇಬ್ಬರೂ ಊಟದ ಟೇಬಲ್ಲಿನ ಬಳಿ ಕೂತು ಟೀಮು ಹಿಂದಿನ ವರ್ಷಗಳಲ್ಲಿ ಮಾಡಿದ ಟ್ರೇಡುಗಳನ್ನು ಒಂದೊಂದಾಗಿ ಹೊರತೆಗೆದು ಜಾಲಾಡುತ್ತಾರೆ. ಯಾರನ್ನು ಕೊಟ್ಟೆವು, ಯಾರನ್ನು ತಂದೆವು, ಗೆದ್ದವರು ಯಾರು. ಮೂರು ವರ್ಷ ಕಳೆಯುವವರೆಗೆ ಯಾವ ಟ್ರೇಡಿನ ಬಗ್ಗೆಯೂ ತೀರ್ಪು ಕೊಡಬಾರದು ಎಂಬುದು ನಮ್ಮನೆಯವರ ನಿಯಮ. ನಾನು ರೊಟ್ಟಿ ಬಡಿಯುತ್ತಾ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತೇನೆ. ನಾನು ಕೆಲಸ ಮಾಡುವುದು ಜಿಪಿ ಡಾಕ್ಟರೊಬ್ಬರ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ. ಸೋಮವಾರ ಬೆಳಿಗ್ಗೆ ಫೋನ್ ಮಾಡಿ 'ಬಹಳ ಎಮರ್ಜೆನ್ಸಿ' ಎನ್ನುವವರ ದನಿಯಲ್ಲೇ ಅವರಿಗೆ ಬೇಕಾದದ್ದು ರಜೆಯ ಚೀಟಿಯೋ ಡಾಕ್ಟರೋ ಎಂದು ಹೇಳಬಲ್ಲೆ. ಹಾಗಾಗಿ ಯಾರನ್ನೂ ಸುಲಭಕ್ಕೆ ನಂಬುವ ಅಭ್ಯಾಸ ನನಗಿಲ್ಲ.

ಒಮ್ಮೆ ನಮ್ಮ ಟೀಮು ಜೋರಾಗಿ ಓಡುವ ಒಬ್ಬನನ್ನು ತಂದಿತು. ಅವನ ಬದಲಿಗೆ ಕೊಟ್ಟದ್ದು ಮುಂದಿನ ವರ್ಷ ಕಾಲೇಜಿನಿಂದ ಬರುವ ಹೊಸ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿಯನ್ನು. ಅಪ್ಪ ಮಗಳು ಕುಣಿದಾಡಿದರು. "ಅಷ್ಟು ಛಲೋ ಓಡಾಂವನ್ನ ಅವರ್ಯಾಕ ಕೊಟ್ರು? ಮೊಣಕಾಲು ನೋಡಿದ್ರೇನು?" ಎಂದೆ. ಡಾಕ್ಟರು ನೋಡಿದ್ದಾರಂತೆ. ಸೀಸನ್ ಶುರುವಾಗಿ ತಿಂಗಳೊಳಗೆ ಅವನ ಮೊಣಕಾಲು ಹೋಯಿತು. ಹಾಗೆಂದು ನಾನು ಹೇಳಿದ್ದೆಲ್ಲ ಖರೆಯಾಗುತ್ತದೆ ಅಂತಲ್ಲ. ಚೆಂಡು ಎಸೆಯುವ ಮುಖ್ಯ ಆಟಗಾರನನ್ನೇ ಅಂಥ ಎರಡು ಸರದಿಗಳ ಬದಲಿಗೆ ಕೊಟ್ಟುಬಿಟ್ಟಾಗ, ಇದರಲ್ಲಿ ಏನೋ ಒಳಸಂಚಿದೆ, ಆಡಳಿತದವರು ಟೀಮನ್ನು ಮುಳುಗಿಸುತ್ತಿದ್ದಾರೆ ಎಂದು ಒಂದು ವಾರ ಗೊಣಗಿದ್ದೆ. ಆ ಸರದಿಗಳಲ್ಲಿ ಬಂದವನೊಬ್ಬ ಬಾಗಿಲಿನಷ್ಟು ಅಗಲದ ಆಳು, ಎದುರಿನವರನ್ನು ಕೆಡವುವುದರಲ್ಲಿ ನಿಸ್ಸೀಮನಾದ. ಈ ಟ್ರೇಡಿನಲ್ಲಿ ನಾವೇ ಗೆದ್ದೆವು ಎಂದು ನಮ್ಮನೆಯವರು. ಕೊಟ್ಟುಬಿಟ್ಟವನು ಹೊಸ ಟೀಮನ್ನು ಫೈನಲ್ಲಿಗೆ ಕರೆದೊಯ್ದನಲ್ಲ ಎಂದು ಮಗಳು. ಆ ಜಗಳ ಇನ್ನೂ ಮುಗಿದಿಲ್ಲ.

ಟ್ರೇಡ್ ಎಂದರೇನು ಎಂದು ಮೊದಲ ಸಲ ಅವರು ಬಿಡಿಸಿ ಹೇಳಿದಾಗ ನಾನು ಸಹಜವಾಗಿ ಅಂದಿದ್ದೆ, "ಹಂಗಂದ್ರ ಸಾಟಿ."

ನಮ್ಮನೆಯವರು ಚಹಾದ ಕಪ್ಪಿನೊಳಗೆ ನೋಡತೊಡಗಿದರು. ಸಾಟಿ ಅಂದರೇನು ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. ಹೇಳಿದೆ. ನಮ್ಮ ವಿಜಾಪುರದ ಕಡೆ ಒಂದು ಮನೆಯ ಹೆಣ್ಣನ್ನು ಇನ್ನೊಂದು ಮನೆಗೆ ಕೊಟ್ಟು, ಆ ಮನೆಯ ಹೆಣ್ಣನ್ನು ಈ ಮನೆಗೆ ತರುವುದಕ್ಕೆ ಸಾಟಿ ಮದುವೆ ಎನ್ನುತ್ತಾರೆ. ನಾನು ಈ ಮನೆಗೆ ಬಂದೆ, ನಮ್ಮನೆಯವರ ತಂಗಿ ನನ್ನ ಅಣ್ಣನ ಮನೆಗೆ ಹೋದಳು. ಒಂದೇ ಹಂದರದಡಿ ಎರಡು ಮದುವೆ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಅವಳು ನನ್ನ ಅಣ್ಣನ ಹೆಂಡತಿ, ನಾನು ಅವಳ ಅಣ್ಣನ ಹೆಂಡತಿ, ಹೀಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ವೈನಿ ಎಂದೇ ಕರೆಯುತ್ತೇವೆ.

"ಯೂ ವರ್ ಟ್ರೇಡೆಡ್?" ಎಂದಳು ಮಗಳು. ಅವಳಿಗೆ ನಗು ಬಂತು, ಆಮೇಲೆ ನನ್ನ ಮುಖ ನೋಡಿ ಅದನ್ನು ನುಂಗಿಕೊಂಡಳು.

ಸಾಟಿಗೆ ಇನ್ನೊಂದು ಮಗ್ಗುಲಿದೆ, ಅದನ್ನು ಅವಳಿಗೆ ಅಂದು ಹೇಳಲಿಲ್ಲ. ಒಬ್ಬಳು ಗಂಡನನ್ನು ಬಿಟ್ಟು ತವರಿಗೆ ಬಂದರೆ ಇನ್ನೊಬ್ಬಳನ್ನೂ ಕರೆತರುತ್ತಾರೆ. ನನ್ನ ಸೋದರತ್ತೆಯೊಬ್ಬಳು ಗಂಡನ ಜೊತೆ ಚೆಂದಾಗಿ ಬಾಳುತ್ತಿದ್ದಳು. ಅವಳ ಬದಲಿಗೆ ನಮ್ಮ ಮನೆಗೆ ಬಂದಿದ್ದ ಸಾಟಿಯವಳು ಮುನಿಸಿಕೊಂಡು ತವರಿಗೆ ಹೋದಳೆಂದು ನಮ್ಮ ಹಿರಿಯರು ಜೀಪು ಮಾಡಿಕೊಂಡು ಹೋಗಿ ಇವಳನ್ನೂ ಕರೆದುಕೊಂಡು ಬಂದರು. ಮಗುವನ್ನು ಗಂಡನ ಮನೆಯವರು ಕೊಡಲಿಲ್ಲ. ಅತ್ತೆ ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಹೆದರಿಕೆಯನ್ನು ಗಂಟು ಕಟ್ಟಿಕೊಂಡೇ ನಾನು ಲಂಡನ್ನಿಗೆ ಬಂದವಳು.

ನಮ್ಮನೆಯವರು ಕೆಲಸದ ವೀಸಾದ ಮೇಲೆ ಬಂದರು, ಹಿಂದೆಯೇ ಅಣ್ಣನೂ ಬಂದು ಥೇಮ್ಸ್ ನದಿಯಾಚೆ ಟೂಟಿಂಗಿನಲ್ಲಿ ಮನೆ ಮಾಡಿದ. ವೈನಿಗೆ ಮಕ್ಕಳಾಗಲಿಲ್ಲ. ಹ್ಯಾರೋದ ಸಭಾಂಗಣದಲ್ಲಿ ಕನ್ನಡದವರೆಲ್ಲ ಹಬ್ಬದೂಟಕ್ಕೆ ಸೇರಿದಾಗ ಅಣ್ಣನದು ಒಂದು ಕಾಯಂ ಚೇಷ್ಟೆ. "ಹುಲಿಯಂಥ ನನ್ನ ತಂಗೀನ ಕೊಟ್ಟೀವ್ರಿ. ನಮಗ ಏನು ಬಂದೈತಿ, ನೀವ ನೋಡ್ರಿ" ಎಂದು ಹೆಂಡತಿಯ ಕಡೆ ಕೈ ತೋರಿಸುತ್ತಿದ್ದ. ಬೆಂಗಳೂರಿನವರು, ಮೈಸೂರಿನವರು ಎಲ್ಲರೂ ನಗುತ್ತಿದ್ದರು. ವೈನಿ ಮಜ್ಜಿಗೆ ಬಡಿಸುತ್ತಾ ಮುಂದಿನ ಎಲೆಗೆ ಹೋಗುತ್ತಿದ್ದಳು. ನನಗಂತೂ ಅವಳೇ ಸುಖವಾಗಿದ್ದಾಳೆ ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದು ಕ್ಲಿನಿಕ್ಕಿಗೆ ಓಡಬೇಕಿಲ್ಲ, ಕಂಡವರ ಕೆಮ್ಮು ಕೇಳಬೇಕಿಲ್ಲ.

ಈ ಸೆಪ್ಟೆಂಬರಿನಲ್ಲಿ ಮಗಳಿಗೆ ಹದಿನೆಂಟು ತುಂಬಿತು, ಅದೇ ತಿಂಗಳು ಹೊಸ ಸೀಸನ್ನೂ ಶುರುವಾಯಿತು. ನಮ್ಮನೆಯವರ ನಡತೆ ಬದಲಾದದ್ದು ಆಗಲೇ. ಥೇಮ್ಸ್ ದಾಟಬೇಕೆಂದರೆ ಹತ್ತು ನೆಪ ಹೇಳುವ ಮನುಷ್ಯ ಶನಿವಾರ ಬಂತೆಂದರೆ ಟೂಟಿಂಗಿಗೆ ಹೊರಡತೊಡಗಿದರು. ಕೇಳಿದರೆ "ದೋಸೆ ತಿನ್ನಾಕ" ಎನ್ನುತ್ತಿದ್ದರು. ದೋಸೆ ತಿಂದು ಬಂದವರ ಅಂಗಿಯಲ್ಲಿ ಎಣ್ಣೆಯ ವಾಸನೆಯಾದರೂ ಇರಬೇಡವೇ? ಬಂದವರೇ ಫ್ರಿಜ್ಜು ತೆಗೆದು ಹಿಂದಿನ ದಿನದ ಚಿತ್ರಾನ್ನ ತಿನ್ನುತ್ತಿದ್ದರು. ಫೋನ್ ಬಂದರೆ ಚಳಿಯಲ್ಲಿ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದರು. ನಾನು ಏನೇನೋ ಅಂದುಕೊಂಡೆ. ಬೇರೆ ಹೆಂಗಸು ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ಸಂಜೆ ಅಡುಗೆಮನೆಯ ಕಿಟಕಿ ತೆರೆದಿತ್ತು. ಅವರು ಬೇಲಿಯ ಬಳಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು, "ಅಕಿನ್ನ ಅಲ್ಲಿಂದ ತಕ್ಕೊಂಡ ಬರಾಕ ಬೇಕು. ಇನ್ನ ತಡಾ ಮಾಡಿದ್ರ ಆಗೂದಿಲ್ಲ. ಮನ್ಯಾಗ ಸದ್ಯಕ್ಕ ಹೇಳೂದು ಬ್ಯಾಡ."

ಒಳಗೆ ಬಂದ ಮೇಲೆ ಕೇಳಿದೆ, "ಯಾರನ್ನ ತರೂದು?"

"ಟ್ರೇಡ್ ಮಾತು. ಗೆಳ್ಯಾನ ಫೋನು" ಎಂದರು. "ಇನ್ನೊಂದು ಟೀಮಿನಾಗಿನ ಆಟಗಾರ."

"ಗಂಡಸರ ಟೀಮಿನಾಗ ಅಕಿ ಎಲ್ಲಿಂದ ಬಂದ್ಲು?"

ಅವರು ಟಿವಿಯ ರಿಮೋಟು ಹುಡುಕತೊಡಗಿದರು. ಇಂಗ್ಲಿಷಿನಲ್ಲಿ ಮಾತಾಡಿದ್ದರೆ ಪ್ಲೇಯರ್ ಎಂದು ಹೇಳಿ ಪಾರಾಗಬಹುದಿತ್ತು. ನಮ್ಮ ಮಾತಿನಲ್ಲಿ ಅಂವ ಅನ್ನಬೇಕು ಇಲ್ಲವೇ ಅಕಿ ಅನ್ನಬೇಕು, ಮೂರನೆಯ ದಾರಿ ಇಲ್ಲ. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಟ್ರೇಡು ಟ್ರೇಡು ಎಂದು ಹೇಳಿಕೊಂಡು ಬಂದ ಮನುಷ್ಯ ಕನ್ನಡದಲ್ಲಿ ಸುಳ್ಳು ಹೇಳಲು ಹೋಗಿ ಸಿಕ್ಕಿಬಿದ್ದರು.

"ಅಮ್ಮಾ, ಇಟ್ಸ್ ಅತ್ತೆ" ಎಂದಳು ಮೆಟ್ಟಿಲ ಮೇಲೆ ಕೂತಿದ್ದ ಮಗಳು. ಅವಳ ಅತ್ತೆ, ನನ್ನ ವೈನಿ. ಅಂದರೆ ಮಗಳಿಗೂ ಗೊತ್ತಿತ್ತು. ಮೈಯೆಲ್ಲ ಉರಿಯಿತು. ಇಡೀ ಮನೆಯಲ್ಲಿ ರೊಟ್ಟಿ ಬಡಿಯುವವಳೊಬ್ಬಳಿಗೇ ಗೊತ್ತಿರಲಿಲ್ಲ.

ಆಮೇಲೆ ನಮ್ಮನೆಯವರು ಎಲ್ಲ ಹೇಳಿದರು. ವೈನಿ ಅಣ್ಣನನ್ನು ಬಿಡುತ್ತಾಳೆ. ಗೆಳೆಯನೊಬ್ಬನ ಮೂಲಕ ಟೂಟಿಂಗಿನಲ್ಲೇ ಒಂದು ರೂಮು ನೋಡಿದ್ದಾರೆ, ಫೋನಿನಲ್ಲಿದ್ದದ್ದು ಅವನೇ, ಶನಿವಾರ ಇವರು ಓಡಾಡುತ್ತಿದ್ದದ್ದು ಅದಕ್ಕೇ. ಹಬ್ಬಕ್ಕೊಮ್ಮೆ ಎಲ್ಲರೆದುರು ಆಡುವ ಆ ಚೇಷ್ಟೆಯನ್ನು ಅಣ್ಣ ಮನೆಯಲ್ಲಿ ದಿನಾ ಆಡುತ್ತಾನಂತೆ. ಸಾರು ತಣ್ಣಗಿದ್ದರೆ, ಬಾಗಿಲು ತೆಗೆಯುವುದು ತಡವಾದರೆ, ಸಾಟಿಯಲ್ಲಿ ನಮಗೆ ಲುಕ್ಸಾನಾಯಿತು ಎನ್ನುತ್ತಾನಂತೆ. ಅವಳೊಡನೆ ಬೇರೆ ಮಾತೇ ಇಲ್ಲವಂತೆ. "ನಿನಗ ಹೇಳಬ್ಯಾಡ ಅಂತ ಅಕಿನ ಆಣೆ ಹಾಕಿಸಿಕೊಂಡಾಳ" ಎಂದರು.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಅದಕ್ಕೂ ಮೊದಲು ಅನ್ನಿಸಿದ್ದು ಬೇರೆ. "ಅಕಿ ಬಿಟ್ಟು ಬಂದ್ರ ನನ್ನ ಕಳಸ್ತೀರೇನು?" ಎಂದು ಕೇಳಿದೆ.

"ಹುಚ್ಚಿ ಏನ ನೀ" ಎಂದರು.

ಅದು ಉತ್ತರವಲ್ಲ. ಕ್ಲಿನಿಕ್ಕಿನಲ್ಲಿ ಯಾರಾದರೂ ಹಾಗೆ ಅಂದಿದ್ದರೆ ಮತ್ತೊಮ್ಮೆ ಕೇಳುತ್ತಿದ್ದೆ. ಅಂದು ಕೇಳಲು ಧೈರ್ಯವಾಗಲಿಲ್ಲ. ಟಿವಿಯಲ್ಲಿ ಆಟ ಶುರುವಾಯಿತು, ಮೂವರಲ್ಲಿ ಯಾರೂ ಅತ್ತ ತಿರುಗಲಿಲ್ಲ.

ಮರುದಿನ ರಜೆ ಹಾಕಿ ಹೊರಟೆ. ಕಿಂಗ್ಸ್ ಕ್ರಾಸಿನಲ್ಲಿ ಟ್ಯೂಬ್ ಬದಲಿಸಿ ಟೂಟಿಂಗಿಗೆ ಹೋಗುವ ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡೆ. ಗಂಡ ಹೆಂಡಿರ ನಡುವೆ ವೈನಿ ಗುಟ್ಟು ತಂದಿಟ್ಟಳಲ್ಲ, ನನ್ನ ಮಗಳ ಬಾಯಿಯನ್ನೂ ಕಟ್ಟಿದಳಲ್ಲ. ನಮ್ಮನೆಯವರೂ ಅವರ ತಂಗಿಯೂ ಸೇರಿ ಇನ್ನೂ ಏನೇನು ಹೂಡಿದ್ದಾರೋ ಅಂದುಕೊಂಡೆ. ರೂಮಿನ ಕೀ ಅವಳ ಕೈಗೆ ಆ ಬೆಳಿಗ್ಗೆಯೇ ಸಿಕ್ಕಿತ್ತು. ನನ್ನ ಅಣ್ಣನಿಗೆ ಬಿಟ್ಟು ಹೋಗುತ್ತೇನೆಂದು ಹೇಳಿ ಒಂದು ಬ್ಯಾಗು ಹಿಡಿದು ಹೊರಬಿದ್ದಿದ್ದಳು. ನಾನು ಫೋನ್ ಮಾಡಿದಾಗ ಹೇಳಿದ್ದ ದೋಸೆಯ ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಬ್ಯಾಗು ಕಾಲ ಬಳಿ, ಕೋಟು ಕುರ್ಚಿಯ ಬೆನ್ನಿಗೆ.

"ನನಗ್ಯಾಕ ಹೇಳ್ಲಿಲ್ಲ ವೈನಿ?" ಕೂರುವ ಮೊದಲೇ ಕೇಳಿದೆ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ. ನನ್ನ ಮನಿ ವಿಚಾರ ಮಾಡಿದ್ಯಾ ನೀ?"

ವೈನಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅದೇ ನನಗೆ ಇನ್ನಷ್ಟು ಅನುಮಾನ ತಂದಿತು. "ಅದನ್ನ ಬಿಟ್ರ ಬ್ಯಾರೆ ಏನ ವಿಚಾರ ಮಾಡೀನಿ ನಾ?" ಎಂದಳು. "ಇಲ್ಲಿಗಿ ಬಂದ ಮರುವರ್ಷನ ಬಿಟ್ಟು ಹೋಗಾಕ ತಯಾರಾಗಿದ್ದೆ. ಆಗ ನಿನ್ನ ಹೊಟ್ಟ್ಯಾಗ ಕೂಸಿತ್ತು. ನಾ ಹೋದ್ರ ನಿನ್ನ ಕರಕೊಂಡ ಹೋಗ್ತಿದ್ರು. ನಿಮ್ಮ ಸೋದರತ್ತಿ ಹಂಗ. ಕೂಸು ಇಲ್ಲೇ ಉಳೀತಿತ್ತು. ಅದು ದೊಡ್ಡದಾಗ್ಲಿ ಅಂತ ತಡದೆ. ಈಗ ಅದಕ್ಕ ಹದಿನೆಂಟಾತು, ಯಾರೂ ಕಸಗೊಳ್ಳಾಕ ಬರೂದಿಲ್ಲ."

ದೋಸೆ ತಂದಿಟ್ಟ ಹುಡುಗಿ ಇನ್ನೇನು ಬೇಕು ಎಂದು ತಮಿಳಿನಲ್ಲಿ ಕೇಳಿದಳು. ಕೈಯಾಡಿಸಿ ಅವಳನ್ನು ಕಳಿಸಿದೆ. ಮಗಳ ಪ್ರತಿ ಹುಟ್ಟುಹಬ್ಬಕ್ಕೂ ವೈನಿ ಟೂಟಿಂಗಿನಿಂದ ಸ್ವೀಟು ಹಿಡಿದು ಬರುತ್ತಿದ್ದಳು. ಮಕ್ಕಳಿಲ್ಲದವಳು, ಅದಕ್ಕೇ ಇಷ್ಟು ಅಕ್ಕರೆ ಅಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಚಟ್ನಿಯ ಬಟ್ಟಲನ್ನು ಸುಮ್ಮನೆ ಅತ್ತಿತ್ತ ಸರಿಸಿದೆ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಣ್ಣ. ಎತ್ತಿದೆ. ಅವನ ದನಿ ಯಾವತ್ತೂ ದೊಡ್ಡದು, ಟೇಬಲ್ಲಿನಾಚೆಯವರಿಗೂ ಕೇಳುವಂಥದ್ದು.

"ನಿನ್ನ ಗಂಡಗ ಹೇಳು," ಎಂದ. "ಸಂಜಿ ಒಳಗ ಅವನ ತಂಗಿ ಮನಿಗಿ ಬರ್ಲಿಲ್ಲಂದ್ರ ನೀನೂ ಆ ಮನ್ಯಾಗ ಇರೂದಿಲ್ಲ. ಅವ್ವಗ ಫೋನ್ ಮಾಡೀನಿ. ಊರಿಗಿ ನಿನ್ನ ಟಿಕೆಟ್ ತಗೀತೀನಿ."

ನನ್ನ ಸ್ವಂತ ಅಣ್ಣ. ನಾನು ಏನಾದರೂ ಅನ್ನುವ ಮೊದಲೇ ವೈನಿ ತಟ್ಟೆ ಸರಿಸಿ ಎದ್ದಿದ್ದಳು. ಕೋಟಿಗೆ ಕೈ ತೂರಿಸಿ ಗುಂಡಿ ಹಾಕಿಕೊಂಡಳು, ಬ್ಯಾಗು ಎತ್ತಿಕೊಂಡಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಹಬ್ಬದೂಟದಲ್ಲಿ ಮಜ್ಜಿಗೆ ಬಡಿಸುವಾಗಲೂ ಅದೇ ಮುಖ.

"ನಾ ಹೋಗ್ತೀನಿ ಬಿಡು," ಎಂದಳು. "ಮನಿಗಿ."

ಫೋನು ಕಿವಿಯಲ್ಲಿದ್ದಂತೆಯೇ ಅವಳ ತೋಳು ಹಿಡಿದೆ. ಅಣ್ಣನಿಗೆ, "ಟಿಕೆಟ್ ನಿನಗ ತಗೊ. ನಾ ಎಲ್ಲಿಗೂ ಬರೂದಿಲ್ಲ, ಅಕಿನೂ ಬರೂದಿಲ್ಲ" ಎಂದೆ. ಅವನು ಇನ್ನೂ ಕೂಗುತ್ತಿರುವಾಗಲೇ ಇಟ್ಟುಬಿಟ್ಟೆ. ನಮ್ಮನೆಯವರು ಸಂಜೆ ಏನನ್ನುತ್ತಾರೋ, ವಿಜಾಪುರದಿಂದ ಯಾರ್ಯಾರ ಫೋನು ಬರುತ್ತದೋ, 'ಹುಚ್ಚಿ ಏನ ನೀ' ಎಂದವರು ಅವ್ವ ಅತ್ತರೆ, ಹಿರಿಯರು ಒತ್ತಿದರೆ ಆಗಲೂ ಹಾಗೇ ಅನ್ನುತ್ತಾರೋ, ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ಕುಂಡ್ರು ವೈನಿ," ಎಂದೆ. "ನನ್ನ ಮನಿ ನಾ ನೋಡ್ಕೋತೀನಿ. ನೀ ಕುಂಡ್ರು."

ಅವಳು ಬ್ಯಾಗನ್ನು ಮತ್ತೆ ಕಾಲ ಬಳಿ ಇಟ್ಟಳು. ಆಮೇಲೆ ಕೂತಳು. ಕೋಟು ಮಾತ್ರ ಬಿಚ್ಚಲಿಲ್ಲ.